ಸಹಿ ಹಾಕುವ ಮುನ್ನ ಒಮ್ಮೆ ಓದಿ

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ರೈಲಿನಲ್ಲಿ ಹೋದವರಿಗೆ ಮಾಕಳಿದುರ್ಗ ನೆನಪಿರುತ್ತದೆ. ಕೋಟೆ ಹೊತ್ತ ಬಂಡೆಗಲ್ಲಿನ ಬೆಟ್ಟ, ಅದರ ಮಗ್ಗುಲಲ್ಲೇ ಸಾಗುವ ರೈಲು ಹಳಿ, ಸಣ್ಣದೊಂದು ನಿಲ್ದಾಣ. ಇಂತಹ ಊರಿನಲ್ಲಿ ಕುಳಿತು ಕಸ್ಟಮ್ಸ್, ರಫ್ತು, ಶಿಪ್ಪಿಂಗ್ ಬಿಲ್ ಎಂದು ಮಾತು ತೆಗೆದರೆ ನಿಮಗೆ ನಗು ಬರಬಹುದು. “ಅದೆಲ್ಲ ಮುಂಬಯಿ, ಮದರಾಸಿನ ದೊಡ್ಡ ಸೇಠುಗಳ ವಿಷಯ. ಅಡುಗೆಮನೆಯಲ್ಲಿರುವ ನಮಗೆ ಅದೇಕೆ?” ಎಂದು ನೀವು ಕೇಳಬಹುದು.

ಆದರೆ ಸ್ವಲ್ಪ ಸುತ್ತಲೂ ಕಣ್ಣು ಹಾಯಿಸಿ. ಇದೇ ತಾಲೂಕಿನ ದೊಡ್ಡಬಳ್ಳಾಪುರ ಪಟ್ಟಣ ವಿದ್ಯುತ್ ಮಗ್ಗಗಳ ಸೀರೆಗೆ ಹೆಸರಾದ ಊರು. ಈ ಜಿಲ್ಲೆಯಲ್ಲೂ ಪಕ್ಕದ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲೂ ಬೆಳೆಯುವ ಗುಲಾಬಿ ಈರುಳ್ಳಿ ಮಲೇಷ್ಯಾ, ಸಿಂಗಾಪುರದ ಅಡುಗೆಮನೆ ಸೇರುತ್ತದೆ. ನೆರೆಯ ದೇವನಹಳ್ಳಿಯಲ್ಲಿ 2008ರಿಂದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ದುಬೈಯಲ್ಲೋ ಸೌದಿಯಲ್ಲೋ ದುಡಿಯುವ ಅಣ್ಣ, ಮಾಮ, ಮೈದುನ ನಮ್ಮ ಅನೇಕ ಮನೆಗಳಲ್ಲಿದ್ದಾರೆ. “ಇಲ್ಲಿ ಅಂಗಡಿಯವರು ನಮ್ಮೂರ ಸೀರೆ ಕೇಳುತ್ತಿದ್ದಾರೆ, ಇಪ್ಪತ್ತು ಕಳಿಸು” ಎಂಬ ಒಂದು ಫೋನ್ ಕರೆ ಸಾಕು, ವಿದೇಶಿ ವ್ಯಾಪಾರ ನಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಇನ್ನೊಂದು ಮಾತಿದೆ. ಎಷ್ಟೋ ಮನೆಗಳಲ್ಲಿ ವ್ಯಾಪಾರ ನಡೆಸುವವರು ಗಂಡಸರಾದರೂ ಸಂಸ್ಥೆ ಇರುವುದು ಮನೆಯಾಕೆಯ ಹೆಸರಿನಲ್ಲಿ. “ಇಲ್ಲೊಂದು ಸಹಿ ಹಾಕು” ಎಂದು ಕಾಗದ ಮುಂದಿಡುತ್ತಾರೆ. ಒಲೆಯ ಮೇಲಿನ ಪಾತ್ರೆಯ ಕಡೆ ಗಮನವಿಟ್ಟುಕೊಂಡೇ ನಾವು ಸಹಿ ಹಾಕಿ ಕೊಡುತ್ತೇವೆ. ಆ ಕಾಗದ ಏನು ಹೇಳುತ್ತಿದೆ ಎಂದು ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಈರುಳ್ಳಿ ಕಲಿಸಿದ ಪಾಠ

ಒಂದು ಕಾಗದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಮ್ಮ ಸೀಮೆಯ ಈರುಳ್ಳಿಯಿಂದಲೇ ತಿಳಿಯೋಣ.

ಬೆಂಗಳೂರು ಗುಲಾಬಿ ಈರುಳ್ಳಿ ಗಾತ್ರದಲ್ಲಿ ಚಿಕ್ಕದು, ಬಣ್ಣದಲ್ಲಿ ಕಡುಕೆಂಪು, ಖಾರ ಹೆಚ್ಚು. ನಮ್ಮ ಮನೆಗಳಲ್ಲಿ ಇದರ ಬಳಕೆ ಕಡಿಮೆ. ಬೆಳೆಯುವುದೇ ಬಹುಪಾಲು ಹೊರದೇಶಕ್ಕಾಗಿ. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ದೇಶದಲ್ಲಿ ಈರುಳ್ಳಿ ಬೆಲೆ ಏರಿ ಸರಕಾರ ರಫ್ತಿಗೆ ತಡೆ ಹಾಕಿದಾಗಲೆಲ್ಲ, ಇಲ್ಲಿಯವರು ಅಷ್ಟಾಗಿ ತಿನ್ನದ ಈ ಈರುಳ್ಳಿಯೂ ಅದರೊಂದಿಗೆ ಸಿಕ್ಕಿಬೀಳುತ್ತಿತ್ತು. 2019ರ ಸೆಪ್ಟೆಂಬರ್‌ನಲ್ಲಿ ನಿಷೇಧ ಬಂತು. ಒಂದು ತಿಂಗಳ ಬಳಿಕ 9,000 ಟನ್ ಗುಲಾಬಿ ಈರುಳ್ಳಿಗೆ ಮಾತ್ರ, ಅದೂ ಚೆನ್ನೈ ಬಂದರಿನ ಮೂಲಕವೇ ಹೋಗಬೇಕೆಂಬ ಷರತ್ತಿನೊಂದಿಗೆ, ಅನುಮತಿ ಸಿಕ್ಕಿತು. 2020ರಲ್ಲಿ ಮತ್ತೆ ಅದೇ ಕಥೆ. ಆಗ ಅನುಮತಿ ಸಿಕ್ಕಿದ್ದು 10,000 ಟನ್‌ಗೆ.

2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಬಿತ್ತು. ನೂರು ರೂಪಾಯಿಯ ಸರಕಿಗೆ ನಲವತ್ತು ರೂಪಾಯಿ ಸುಂಕ! ಬೆಳೆಗಾರರ ಗೋಳು ದಿಲ್ಲಿ ಮುಟ್ಟಿ, ಸೆಪ್ಟೆಂಬರ್ 29ರಂದು ಬೆಂಗಳೂರು ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂತು. ಅದಕ್ಕೊಂದು ಷರತ್ತಿತ್ತು. ಇದು ನಿಜವಾಗಿಯೂ ಗುಲಾಬಿ ಈರುಳ್ಳಿಯೇ, ಇಷ್ಟು ಪ್ರಮಾಣ ಇದೆ ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಟ್ಟಿರಬೇಕು. ಅಂದರೆ ಬಂದರಿನಲ್ಲಿ ಎರಡು ಲಾರಿ ನಿಂತಿದ್ದರೆ, ಎರಡರಲ್ಲೂ ಅದೇ ಹೊಲದ ಈರುಳ್ಳಿ ಇದ್ದರೂ, ಪ್ರಮಾಣಪತ್ರ ಇದ್ದವನದು ಸುಂಕವಿಲ್ಲದೆ ಮುಂದೆ ಹೋಗುತ್ತದೆ. ಇಲ್ಲದವನು ಶೇ. 40 ಕಟ್ಟಬೇಕು, ಇಲ್ಲವೇ ಕೊಳೆಯುವ ಸರಕನ್ನು ನೋಡುತ್ತಾ ನಿಲ್ಲಬೇಕು.

ಅದೇ ವರ್ಷ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತಿಗೆ ಮತ್ತೆ ನಿಷೇಧ ಬಂತು, 2024ರ ಮೇ ತಿಂಗಳಲ್ಲಿ ಅದು ತೆರವಾಯಿತು. 2025ರ ಏಪ್ರಿಲ್ 1ರಿಂದ ರಫ್ತು ಸುಂಕವೂ ಹೋಯಿತು. ನಿಯಮಗಳು ಹೀಗೆ ಬಂದು ಹೋಗುತ್ತಿರುತ್ತವೆ. ಆದರೆ ಬೆವರು ಸುರಿಸಿ ಬೆಳೆದ ಮಾತ್ರಕ್ಕೆ ಸರಕು ಗಡಿ ದಾಟುವುದಿಲ್ಲ, ಅದರ ಪರವಾಗಿ ಮಾತನಾಡುವ ಕಾಗದವೂ ಜೊತೆಗಿರಬೇಕು ಎಂಬ ಪಾಠ ಮಾತ್ರ ಉಳಿಯಿತು.

ಕಸ್ಟಮ್ಸ್‌ನವರು ಕೇಳುವುದೇನು?

ವಿಮಾನ ನಿಲ್ದಾಣದಲ್ಲಿ ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡಲು ಸಾಧ್ಯವೇ? ಇಲ್ಲ. ಹೆಚ್ಚಿನ ಸರಕನ್ನು ಬಿಚ್ಚದೆಯೇ ಬಿಡುತ್ತಾರೆ. ಅಧಿಕಾರಿಯ ಎದುರು ಮೊದಲು ಬರುವುದು ಸರಕಲ್ಲ, ನೀವು ಕೊಟ್ಟ ವಿವರ. ಕಳಿಸುವವರು ಯಾರು, ಪಡೆಯುವವರು ಯಾರು, ವಸ್ತು ಏನು, ಎಷ್ಟು, ಬೆಲೆಯೆಷ್ಟು, ಎಲ್ಲಿ ತಯಾರಾದದ್ದು? ಈ ಆರು ಪ್ರಶ್ನೆಗಳಿಗೆ ಉತ್ತರ ನೇರವಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಈಗ ಸೀರೆಯ ಮಾತಿಗೆ ಬರೋಣ. ದೊಡ್ಡಬಳ್ಳಾಪುರದ ಒಬ್ಬ ಸಹೋದರಿ ದುಬೈಯ ಅಂಗಡಿಯೊಂದಕ್ಕೆ ಇಪ್ಪತ್ತು ರೇಷ್ಮೆ ಸೀರೆ ಕಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಆಕೆ ಏನೇನು ಮಾಡಬೇಕು?

ಮೊದಲು ಬೇಕಾದದ್ದು ಐಇಸಿ, ಅಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಶುಲ್ಕ 500 ರೂಪಾಯಿ. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗುತ್ತದೆ. ಇದನ್ನು ಪಡೆದು ಮರೆತುಬಿಡಬಾರದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ಖಚಿತಪಡಿಸಬೇಕು, ಬದಲಾವಣೆ ಇಲ್ಲದಿದ್ದರೂ ಸಹ. ಇಲ್ಲವಾದರೆ ಐಇಸಿ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಸಾಮಾನ್ಯವಾಗಿ ಸರಕು ಹೊರಡುವ ದಿನವೇ!

ಎರಡನೆಯದು ಬ್ಯಾಂಕ್. ವ್ಯಾಪಾರದ ಖಾತೆಯಿರುವ ಬ್ಯಾಂಕಿನಿಂದ ಎಡಿ ಕೋಡ್ ಪಡೆದು ಕಸ್ಟಮ್ಸ್‌ನ ಐಸ್‌ಗೇಟ್ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಹೋದ ಸರಕಿಗೆ ತಕ್ಕ ಹಣ ದೇಶಕ್ಕೆ ಬಂತೇ ಎಂದು ಸರಕಾರ ತಾಳೆ ನೋಡುವುದು ಇದರ ಮೂಲಕ. ಮೂರನೆಯದು ಜಿಎಸ್‌ಟಿ. ರಫ್ತಿನ ಸರಕಿನ ಮೇಲೆ ತೆರಿಗೆಯ ಹೊರೆ ಬೀಳಬಾರದೆಂಬುದು ನಿಯಮ. ಎಲ್‌ಯುಟಿ ಎಂಬ ಮುಚ್ಚಳಿಕೆ ಬರೆದುಕೊಟ್ಟರೆ ತೆರಿಗೆ ಕಟ್ಟದೆಯೇ ಕಳಿಸಬಹುದು. ಈ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷ ಹೊಸದಾಗಿ ಸಲ್ಲಿಸಬೇಕು.

ಮೂರು ಕಾಗದ, ಒಂದೇ ಮಾತು

ಮುಂಚೆ ರಫ್ತಿಗೆ ಕಾಗದಗಳ ರಾಶಿಯೇ ಬೇಕಿತ್ತು. 2015ರಲ್ಲಿ ಕಡ್ಡಾಯ ದಾಖಲೆಗಳನ್ನು ಮೂರಕ್ಕೆ ಇಳಿಸಲಾಯಿತು.

ಒಂದು, ಪ್ಯಾಕಿಂಗ್ ಪಟ್ಟಿ ಸಹಿತವಾದ ಇನ್‌ವಾಯ್ಸ್. ಏನು ಮಾರಿದ್ದೇವೆ, ಬೆಲೆ ಎಷ್ಟು, ಯಾವ ಪೆಟ್ಟಿಗೆಯಲ್ಲಿ ಎಷ್ಟಿದೆ, ತೂಕವೆಷ್ಟು ಎಂಬ ಲೆಕ್ಕ ಇದರಲ್ಲಿರುತ್ತದೆ. ಎರಡು, ಸಾಗಣೆಯ ಪತ್ರ. ಹಡಗಿನಲ್ಲಾದರೆ ಬಿಲ್ ಆಫ್ ಲೇಡಿಂಗ್, ವಿಮಾನದಲ್ಲಾದರೆ ಏರ್‌ವೇ ಬಿಲ್, ಅಂಚೆಯಲ್ಲಾದರೆ ಅಂಚೆ ರಸೀದಿ. ಮೂರು, ಶಿಪ್ಪಿಂಗ್ ಬಿಲ್. ಇದು ನೀವು ಕಸ್ಟಮ್ಸ್‌ಗೆ ಕೊಡುವ ಘೋಷಣೆ. ಅವರು ಒಪ್ಪಿ ಅನುಮತಿ ಕೊಟ್ಟ ಮೇಲೆಯೇ ಸರಕು ವಿಮಾನ ಹತ್ತುತ್ತದೆ.

ಇವಲ್ಲದೆ ಸರಕಿಗೆ ತಕ್ಕಂತೆ ಬೇರೆ ಕಾಗದಗಳೂ ಬೇಕಾಗುತ್ತವೆ. ಈರುಳ್ಳಿ, ಹಣ್ಣು, ಹೂವಿನಂತಹವುಗಳಿಗೆ ಕೀಟ-ರೋಗ ಇಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುವ ದೇಶಗಳು ಅನೇಕ. ಸೀರೆಗಾದರೆ ಮೂಲ ದೇಶದ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ. ಭಾರತ ಮತ್ತು ಯುಎಇ ನಡುವಿನ ಒಪ್ಪಂದ 2022ರ ಮೇ 1ರಂದು ಜಾರಿಗೆ ಬಂತು. ಇದು ಭಾರತದಲ್ಲೇ ತಯಾರಾದದ್ದು ಎಂಬ ಪ್ರಮಾಣಪತ್ರವಿದ್ದರೆ ಅರ್ಹ ಸರಕಿಗೆ ಅಲ್ಲಿನ ಸುಂಕದಲ್ಲಿ ರಿಯಾಯಿತಿ ಸಿಗುತ್ತದೆ. ಆದರೆ ‘ಭಾರತದ್ದು’ ಎಂದು ಬಾಯಲ್ಲಿ ಹೇಳಿದರೆ ಸಾಲದು. ನೂಲು ಎಲ್ಲಿಂದ ತಂದಿರಿ, ನೇಯ್ದದ್ದು ಎಲ್ಲಿ ಎಂದು ಕೇಳಿದರೆ ತೋರಿಸಲು ಖರೀದಿಯ ಬಿಲ್ಲುಗಳು ಇರಬೇಕು. ಆದ್ದರಿಂದ ನೂಲಂಗಡಿಯ ಚೀಟಿಯನ್ನು ಒಲೆಗೆ ಹಾಕಬೇಡಿ.

ಕಾಗದ ಎಷ್ಟೇ ಇರಲಿ, ಎಲ್ಲವೂ ಒಂದೇ ಮಾತು ಹೇಳಬೇಕು. ಇನ್‌ವಾಯ್ಸ್‌ನಲ್ಲಿ ಇಪ್ಪತ್ತು ಸೀರೆ, ಪಟ್ಟಿಯಲ್ಲಿ ಹತ್ತೊಂಬತ್ತು. ಒಂದರಲ್ಲಿ ‘ರೇಷ್ಮೆ’, ಇನ್ನೊಂದರಲ್ಲಿ ಬರೀ ‘ಬಟ್ಟೆ’. ಪ್ಯಾನ್‌ನಲ್ಲಿರುವ ಹೆಸರಿನ ಕಾಗುಣಿತ ಬೇರೆ, ಬ್ಯಾಂಕಿನಲ್ಲಿ ಬೇರೆ. ಇಂತಹ ಸಣ್ಣ ವ್ಯತ್ಯಾಸಗಳೇ ಸರಕನ್ನು ಗೋದಾಮಿನಲ್ಲಿ ಕೂರಿಸುತ್ತವೆ. ಕೂತ ಒಂದೊಂದು ದಿನಕ್ಕೂ ಬಾಡಿಗೆ ಬೆಳೆಯುತ್ತದೆ. ನಮ್ಮ ಹೆಣ್ಣುಮಕ್ಕಳ ಹೆಸರು ಮದುವೆಗೆ ಮುಂಚೆ ಒಂದು ರೀತಿ, ಆಮೇಲೆ ಒಂದು ರೀತಿ ದಾಖಲಾಗಿರುವುದು ಸಾಮಾನ್ಯ. ವ್ಯಾಪಾರಕ್ಕೆ ಇಳಿಯುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ.

ವಸ್ತುವಿನ ಹೆಸರಿಗಿಂತ ಮುಖ್ಯವಾದದ್ದು ಅದರ ಎಚ್‌ಎಸ್ ಸಂಖ್ಯೆ. ಮೊದಲ ಆರು ಅಂಕಿ ಲೋಕಕ್ಕೆಲ್ಲ ಒಂದೇ, ನಮ್ಮ ದೇಶದಲ್ಲಿ ಎಂಟು ಅಂಕಿ. ರೇಷ್ಮೆ ಬಟ್ಟೆ 5007ರಿಂದ ಆರಂಭವಾದರೆ ಈರುಳ್ಳಿ 0703ರಿಂದ. ಸುಂಕ ಎಷ್ಟು, ನಿರ್ಬಂಧ ಇದೆಯೇ ಎಂಬುದೆಲ್ಲ ಈ ಸಂಖ್ಯೆಯ ಮೇಲೆ ನಿಂತಿದೆ. ಅಂದಾಜಿನಲ್ಲಿ ಬರೆಯಬೇಡಿ.

ಸಣ್ಣದಾಗಿ ಆರಂಭಿಸುವವರಿಗೆ ಅಂಚೆಯ ದಾರಿಯೂ ಇದೆ. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ಅಲ್ಲಿ ಶಿಪ್ಪಿಂಗ್ ಬಿಲ್‌ನ ಬದಲು ಅಂಚೆಯ ರಫ್ತು ಬಿಲ್ಲನ್ನು ಆನ್‌ಲೈನ್‌ನಲ್ಲೇ ತುಂಬಿ ಪಾರ್ಸೆಲ್ ಕೊಡಬಹುದು.

ಸಣ್ಣ ಸುಳ್ಳು, ದೊಡ್ಡ ನಷ್ಟ

“ಬೆಲೆ ಅರ್ಧ ಬರೆದು ಕಳಿಸಿ, ಇಲ್ಲಿ ಸುಂಕ ಉಳಿಯುತ್ತದೆ” ಎಂದು ಆಚೆಯ ವ್ಯಾಪಾರಿ ಹೇಳಬಹುದು. “ಉಡುಗೊರೆ ಅಂತ ಬರೆದುಬಿಡಿ, ಯಾರು ನೋಡುತ್ತಾರೆ?” ಎಂದು ಹತ್ತಿರದವರೇ ಸಲಹೆ ಕೊಡಬಹುದು. ಕೇಳಲು ಹಗುರವಾದ ಮಾತು. ಆದರೆ ಪೆಟ್ಟಿಗೆ ದಾರಿಯಲ್ಲಿ ಕಳೆದುಹೋದರೆ ವಿಮೆ ಕೊಡುವುದು ನೀವು ಬರೆದ ಅರ್ಧ ಬೆಲೆಯ ಲೆಕ್ಕದಲ್ಲೇ. ಉಳಿದರ್ಧ ಬೆಲೆ ಬ್ಯಾಂಕಿನ ದಾರಿಯಲ್ಲಿ ನೇರವಾಗಿ ಬರುವಂತಿಲ್ಲ. ಉಡುಗೊರೆ ಎಂದು ಬರೆದ ಸರಕಿಗೆ ರಫ್ತಿನ ಯಾವ ಸವಲತ್ತೂ ಸಿಗದು. ಇನ್ನು 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಸುಳ್ಳು ದಾಖಲೆಗೆ ಸಹಿ ಹಾಕಿದವರಿಗೆ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ವಿಧಿಸಬಹುದು.

ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಅಲ್‌ಬಕರಾ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ ಎಂಬುದು ನಿಮಗೆ ತಿಳಿದೇ ಇದೆ. ಬರಹವನ್ನು ಅಷ್ಟು ಗೌರವದಿಂದ ಕಾಣಲು ಕಲಿತ ಮನೆಗಳಲ್ಲಿ ಇನ್‌ವಾಯ್ಸ್‌ನ ಸುಳ್ಳು ಮಾತ್ರ ಸಣ್ಣದಾಗುವುದು ಹೇಗೆ?

ನಿಮ್ಮ ಹೆಸರು, ನಿಮ್ಮ ಹೊಣೆ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಒಬ್ಬರ ಒಡೆತನದ ಸಂಸ್ಥೆ ನಿಮ್ಮ ಹೆಸರಿನಲ್ಲಿದ್ದರೆ ಕಾನೂನಿನ ಕಣ್ಣಿನಲ್ಲಿ ಸಂಸ್ಥೆ ಬೇರೆ, ನೀವು ಬೇರೆ ಅಲ್ಲ. ನೋಟಿಸ್ ಬಂದರೆ ಅದು ನಿಮ್ಮ ಹೆಸರಿಗೇ ಬರುತ್ತದೆ. “ನನಗೇನೂ ಗೊತ್ತಿಲ್ಲ, ಅವರು ಹೇಳಿದರು, ಸಹಿ ಹಾಕಿದೆ” ಎಂದು ಅಧಿಕಾರಿಯ ಮುಂದೆ ಹೇಳಿದರೆ ಅಷ್ಟಕ್ಕೇ ಬಿಡುಗಡೆ ಸಿಗುವುದಿಲ್ಲ.

ಹಾಗಾಗಿ ಕೆಲವು ವಿಷಯಗಳಲ್ಲಿ ಗಟ್ಟಿಯಾಗಿರಿ. ನಿಮ್ಮ ಪ್ಯಾನ್, ಐಇಸಿ, ಡಿಜಿಟಲ್ ಸಹಿ, ಓಟಿಪಿ ಯಾರಿಗೂ ಎರವಲು ಕೊಡಬೇಡಿ. ನಂಟರ ಸ್ನೇಹಿತರೆಂದು ಬಂದವರಿಗಂತೂ ಬೇಡವೇ ಬೇಡ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕ್ಲಿಯರಿಂಗ್ ಏಜೆಂಟರಿಗೆ ಕೆಲಸ ಒಪ್ಪಿಸುವ ಮುನ್ನ ಅವರ ಕಸ್ಟಮ್ಸ್ ಪರವಾನಗಿ ನೋಡಿ, ಅವರು ತುಂಬಿದ ವಿವರವನ್ನು ಓದಿಯೇ ಒಪ್ಪಿಗೆ ಕೊಡಿ. ಓದಲು ಇಂಗ್ಲಿಷ್ ತೊಡಕಾದರೆ ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳಿಗೂ ವ್ಯಾಪಾರ ತಿಳಿಯುತ್ತದೆ.

ಒಂದು ಫೈಲು ಇಡಿ. ಒಂದೊಂದು ಸರಕಿನ ಇನ್‌ವಾಯ್ಸ್, ಸಾಗಣೆ ಪತ್ರ, ಶಿಪ್ಪಿಂಗ್ ಬಿಲ್, ಹಣ ಬಂದ ಬ್ಯಾಂಕ್ ಚೀಟಿ ಒಟ್ಟಿಗೆ ಇರಲಿ. ಮಕ್ಕಳ ಲಸಿಕೆ ಕಾರ್ಡು, ರೇಷನ್ ಕಾರ್ಡು, ಮನೆಯ ಪತ್ರಗಳನ್ನು ವರ್ಷಗಟ್ಟಲೆ ಜೋಪಾನ ಮಾಡುವ ನಿಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮಗ್ಗದಿಂದ ಇಳಿದ ಸೀರೆ ದೇವನಹಳ್ಳಿಯಿಂದ ಹಾರಿದ ಮೇಲೆ ಅದರ ಜೊತೆ ನೀವು ಹೋಗುವುದಿಲ್ಲ, ನಿಮ್ಮ ಸಹಿ ಹೋಗುತ್ತದೆ. ಮುಂದಿನ ಸಲ “ಇಲ್ಲೊಂದು ಸಹಿ ಹಾಕು” ಎಂದಾಗ ಒಲೆ ಆರಿಸಿ, ಕೈ ಒರೆಸಿಕೊಂಡು ಕುಳಿತುಕೊಳ್ಳಿ. ಮೊದಲು ಓದಿ, ಆಮೇಲೆ ಪೆನ್ನು ಕೇಳಿ.