ಸೆಟ್ಟು ಗುಂಯ್ ಅಂದರೆ ಏನು ಮಾಡಬೇಕು?

ಮೈಕಿಲ್ಲದೆ ನಮ್ಮ ಊರುಗಳಲ್ಲಿ ಹಬ್ಬವಿಲ್ಲ. ಚನ್ನಗಿರಿ ಕಡೆ ಜಾತ್ರೆ ಇರಲಿ, ಹೊನ್ನಾಳಿ ಕಡೆ ನಾಟಕ ಇರಲಿ. ನ್ಯಾಮತಿಯಲ್ಲಿ ಭಜನೆ ಇರಲಿ, ಜಗಳೂರಿನಲ್ಲಿ ಮದುವೆ ಇರಲಿ. ಮೊದಲು ಬಂದು ಕೂರುವುದು ಮೈಕ್ ಸೆಟ್. ಒಮ್ಮೊಮ್ಮೆ ಹಾಡು ಶುರುವಾಗುವ ಮೊದಲೇ ಸೆಟ್ಟು ಗುಂಯ್ ಎನ್ನತೊಡಗುತ್ತದೆ. ಆಗ ಇಂಥ ಮಾತು ನಡೆಯುತ್ತದೆ.

"ಅಣ್ಣಾ, ಏನಿದು ಹಿಂಗೆ ಗುಂಯ್ ಅಂತೈತಿ? ಹಾಡೇ ಕೇಳಂಗಿಲ್ಲ."

"ಅದಕ್ಯಾಕೆ ತಲೆ ಕೆಡಿಸ್ಕೋತಿ ತಮ್ಮಾ? ಪ್ಲಗ್ಗಿನ ಮೂರನೇ ಪಿನ್ನು ಮುರಿದು ಹಾಕು. ಸುಮ್ಮನಾಗ್ತೈತಿ."

ಪಿನ್ನು ಮುರಿದರೆ ಕೆಲವು ಸಲ ಸದ್ದು ನಿಲ್ಲುವುದು ನಿಜ. ಆದರೆ ಆ ಪಿನ್ನು ಇರುವುದು ಸದ್ದಿಗಾಗಿ ಅಲ್ಲ. ಹಾಡುವವರ ಜೀವಕ್ಕಾಗಿ. ಆದ್ದರಿಂದ ಪಿನ್ನು ಮುರಿಯದೆ ಗುಂಯ್ ಸದ್ದು ನಿಲ್ಲಿಸುವುದು ಹೇಗೆ? ಅದನ್ನು ಈ ಪಾಠದಲ್ಲಿ ತಿಳಿಯೋಣ.

ವಾಲ್ವ್ ಸೆಟ್ ಎಂದರೇನು?

ಮೈಕಿನಿಂದ ಬರುವ ಸದ್ದು ಬಹಳ ಸಣ್ಣದು. ಅದನ್ನು ದೊಡ್ಡದು ಮಾಡುವ ಪೆಟ್ಟಿಗೆಯೇ ಆಂಪ್ಲಿಫೈಯರ್. ನಾವು ಅದನ್ನು ಸೆಟ್ಟು ಎನ್ನುತ್ತೇವೆ. ಈಗಿನ ಸೆಟ್ಟುಗಳಲ್ಲಿ ಟ್ರಾನ್ಸಿಸ್ಟರ್ ಮತ್ತು ಐ.ಸಿ. ಇರುತ್ತವೆ. ಹಿಂದಿನ ಸೆಟ್ಟುಗಳಲ್ಲಿ ಗಾಜಿನ ವಾಲ್ವುಗಳಿದ್ದವು. ಹಳೆಯ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದುದು ಈ ವಾಲ್ವುಗಳೇ. ಸ್ವಿಚ್ ಹಾಕಿದ ಕೂಡಲೇ ಅವು ಮಾತಾಡುವುದಿಲ್ಲ. ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು.

ಒಂದು ಕಾಲಕ್ಕೆ ಈ ವಾಲ್ವುಗಳು ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದ್ದವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತು. ಆಮೇಲೆ ಟ್ರಾನ್ಸಿಸ್ಟರ್ ಬಂತು. ವಾಲ್ವುಗಳು ಮೂಲೆ ಸೇರಿದವು. ಆದರೂ ಗಿಟಾರ್ ಬಾರಿಸುವ ಕೆಲವರಿಗೆ ವಾಲ್ವ್ ಸೆಟ್ಟಿನ ದನಿಯೇ ಇಷ್ಟ. ಹಾಗಾಗಿ ಗಿಟಾರಿಗೆಂದೇ ಮಾಡಿದ ಸಣ್ಣ ವಾಲ್ವ್ ಸೆಟ್ಟುಗಳು ಇಂದಿಗೂ ಇವೆ.

ಸೆಟ್ಟು ಹಳೆಯದಿರಲಿ, ಹೊಸದಿರಲಿ, ಗುಂಯ್ ಸದ್ದನ್ನು ಹುಡುಕುವ ದಾರಿ ಹೆಚ್ಚು ಕಡಿಮೆ ಒಂದೇ.

ಗುಂಯ್ ಸದ್ದು ಎಲ್ಲಿಂದ ಬರುತ್ತದೆ?

ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟಿನದು. ಅದು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಹೋಗುತ್ತದೆ, ಬರುತ್ತದೆ. ಒಂದು ಸೆಕೆಂಡಿಗೆ 50 ಸಲ ಹೀಗೆ ಹೋಗಿ ಬರುತ್ತದೆ. ಊರಿನ ಟಿ.ಸಿ. ಹತ್ತಿರ ನಿಂತರೆ ಗುಂಯ್ ಎನ್ನುವುದು ಕೇಳುತ್ತದಲ್ಲ? ಅದು ಈ ಹೋಗಿಬರುವ ಕರೆಂಟಿನ ಸದ್ದು. ಸೆಟ್ಟಿನ ಗುಂಯ್ ಸದ್ದೂ ಅದೇ ಜಾತಿಯದು.

ಆದರೆ ಸೆಟ್ಟಿಗೆ ಬೇಕಾದುದು ಒಂದೇ ಸಮನೆ ಹರಿಯುವ ಕರೆಂಟು. ಅದಕ್ಕಾಗಿ ಸೆಟ್ಟಿನೊಳಗೆ ಕೆಪಾಸಿಟರ್ ಎಂಬ ಡಬ್ಬಿಗಳಿವೆ. ಅವುಗಳ ಕೆಲಸ ತಿಳಿಯಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೆನೆಯಿರಿ. ಮಳೆ ಬಿಟ್ಟು ಬಿಟ್ಟು ಬರುತ್ತದೆ. ಒಂದು ದಿನ ಹಳ್ಳ ತುಂಬಿ ಬರುತ್ತದೆ, ಮರುದಿನ ಬರಿದಾಗುತ್ತದೆ. ಆದರೆ ಕೆರೆ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೂಬಿನಿಂದ ನೀರು ಒಂದೇ ಸಮನೆ ಹೊಲಕ್ಕೆ ಹೋಗುತ್ತದೆ. ಕೆಪಾಸಿಟರ್ ಕೂಡ ಒಂದು ಸಣ್ಣ ಕೆರೆ ಇದ್ದ ಹಾಗೆ. ಅಲೆ ಅಲೆಯಾಗಿ ಬಂದ ಕರೆಂಟನ್ನು ಅದು ಹಿಡಿದಿಡುತ್ತದೆ, ಒಂದೇ ಸಮನೆ ಕೊಡುತ್ತದೆ.

ಕೆರೆಗೆ ಹೂಳು ತುಂಬಿದರೆ ಏನಾಗುತ್ತದೆ? ನೀರು ನಿಲ್ಲುವುದಿಲ್ಲ. ಕೆಪಾಸಿಟರಿಗೂ ವಯಸ್ಸಾಗುತ್ತದೆ. ಅದರೊಳಗಿನ ದ್ರವ ಒಣಗುತ್ತದೆ. ಆಗ ಕರೆಂಟಿನ ಅಲೆ ನೇರವಾಗಿ ಸ್ಪೀಕರಿಗೆ ಬರುತ್ತದೆ. ಇದು ಒಂದು ಕಾರಣ.

ಇನ್ನೊಂದು ಕಾರಣ ಹೊರಗಿನದು. ಮೈಕಿನ ವೈರಿನ ಒಳಗೆ ಸಣ್ಣ ತಂತಿ ಇದೆ. ಅದರ ಸುತ್ತ ತಂತಿಯ ಜಾಲರಿ ಇದೆ. ಹೊಲಕ್ಕೆ ಬೇಲಿ ಇದ್ದಂತೆ, ಒಳಗಿನ ತಂತಿಗೆ ಈ ಜಾಲರಿ. ಅದು ಹೊರಗಿನ ಕರೆಂಟಿನ ಸದ್ದನ್ನು ತಡೆಯುತ್ತದೆ. ಜಾಲರಿ ಕಿತ್ತುಹೋದರೆ ಬೇಲಿ ಮುರಿದ ಹಾಗೆ. ಆಗ ಗುಂಯ್ ಸದ್ದು ಒಳಗೆ ನುಗ್ಗುತ್ತದೆ.

ನಾವೇ ಮಾಡಬಹುದಾದ ಪರೀಕ್ಷೆ

ಈ ಪರೀಕ್ಷೆಗೆ ಸೆಟ್ಟನ್ನು ಬಿಚ್ಚುವುದು ಬೇಡ. ಕೈ ಒಣಗಿರಲಿ. ಕಾಲಿಗೆ ಚಪ್ಪಲಿ ಇರಲಿ. ಒಂದೊಂದೇ ಹೆಜ್ಜೆ ನೋಡೋಣ.

1. ಮೊದಲು ಸದ್ದನ್ನು ಗುರುತಿಸಿ. ಒಂದೇ ಸಮನೆ ದಪ್ಪಗೆ ಬರುವುದು ಗುಂಯ್ ಸದ್ದು. ಕುಂಯ್ ಎಂದು ಕಿವಿ ಚುಚ್ಚುವ ಕೂಗು ಬೇರೆ. ಮೈಕು ಸ್ಪೀಕರಿನ ಎದುರಿಗೆ ಬಂದಾಗ ಆ ಕೂಗು ಬರುತ್ತದೆ. ಮೈಕನ್ನು ಹಿಂದಕ್ಕೆ ತಂದರೆ ನಿಲ್ಲುತ್ತದೆ. ಚಟಪಟ ಸದ್ದು ಬಂದರೆ ಎಲ್ಲೋ ವೈರು ಸಡಿಲವಾಗಿದೆ.

2. ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿ. ಗುಂಯ್ ಸದ್ದು ಹಾಗೇ ಇದೆಯೇ? ಹಾಗಾದರೆ ದೋಷ ಸೆಟ್ಟಿನ ಒಳಗೆ ಇರುವುದೇ ಹೆಚ್ಚು. ಕೆಪಾಸಿಟರ್ ಮೇಲೆ ಮೊದಲ ಅನುಮಾನ. ಗುಂಯ್ ಸದ್ದೂ ಕಡಿಮೆಯಾಯಿತೇ? ಹಾಗಾದರೆ ಅದು ಮೈಕಿನ ಕಡೆಯಿಂದ ಅಥವಾ ಸೆಟ್ಟಿನ ಮೊದಲ ವಾಲ್ವಿನ ಕಡೆಯಿಂದ ಬರುತ್ತಿದೆ.

3. ಈಗ ಮೈಕಿನ ಪಿನ್ನು ತೆಗೆಯಿರಿ. ಸದ್ದು ನಿಂತಿತೇ? ದೋಷ ಮೈಕಿನಲ್ಲಿ ಅಥವಾ ಅದರ ವೈರಿನಲ್ಲಿದೆ. ಬೇರೆ ವೈರು ಹಾಕಿ ನೋಡಿ.

4. ಗಿಟಾರ್ ಹಾಕಿದ್ದರೆ ಬಾರಿಸುವವರು ನಿಂತಲ್ಲೇ ಸ್ವಲ್ಪ ತಿರುಗಲಿ. ಗಿಟಾರಿನಲ್ಲಿ ತಂತಿ ಸುತ್ತಿದ ಸುರುಳಿ ಇರುತ್ತದೆ. ಅದು ಹತ್ತಿರದ ಟ್ಯೂಬ್‌ಲೈಟಿನ ಚೋಕು, ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಇವುಗಳಿಂದ ಗುಂಯ್ ಸದ್ದನ್ನು ಹಿಡಿಯುತ್ತದೆ. ದಿಕ್ಕು ಬದಲಿಸಿದರೆ, ದೂರ ಸರಿದರೆ ಸದ್ದು ತಗ್ಗುತ್ತದೆ.

5. ಮೈಕಿನ ವೈರು ಮತ್ತು ಕರೆಂಟಿನ ವೈರು ಜೊತೆಜೊತೆಗೆ ಹೋಗಿವೆಯೇ ನೋಡಿ. ಹೋಗಿದ್ದರೆ ಬೇರೆ ಮಾಡಿ. ದಾಟಿಸಲೇಬೇಕಾದರೆ ಒಂದರ ಮೇಲೆ ಒಂದು ಅಡ್ಡಲಾಗಿ ದಾಟಿಸಿ.

6. ಸೆಟ್ಟು, ಕೀಬೋರ್ಡ್ ಇವುಗಳನ್ನು ಬೇರೆ ಬೇರೆ ಬೋರ್ಡಿಗೆ ಹಾಕಿದ್ದೀರಾ? ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ. ಬೇರೆ ಬೇರೆ ಬೋರ್ಡಾದರೆ ಅರ್ಥಿಗೆ ಎರಡು ದಾರಿ ಆಗುತ್ತದೆ. ಆ ಎರಡು ದಾರಿಗಳ ನಡುವೆ ಸುತ್ತುವ ಕರೆಂಟೂ ಗುಂಯ್ ಎನ್ನುತ್ತದೆ. ಪಿನ್ನು ಮುರಿದಾಗ ನಿಲ್ಲುವುದು ಈ ಸದ್ದೇ. ಒಂದೇ ಬೋರ್ಡಿಗೆ ಹಾಕಿದರೆ ಪಿನ್ನು ಮುರಿಯುವ ಅಗತ್ಯವೇ ಬಾರದು. ಬೋರ್ಡು ಮತ್ತು ವೈರು ಅಷ್ಟು ಭಾರ ತಡೆಯುವಂಥದ್ದು ಆಗಿರಬೇಕು, ಅಷ್ಟೆ.

ಮೂರನೇ ಪಿನ್ನು ಏಕೆ ಬೇಕು?

ಪ್ಲಗ್ಗಿನ ದಪ್ಪನೆಯ, ಉದ್ದನೆಯ ಪಿನ್ನು ಅರ್ಥಿನದು. ಅದು ಸೆಟ್ಟಿನ ತಗಡಿನ ಪೆಟ್ಟಿಗೆಯನ್ನು ನೆಲಕ್ಕೆ ಸೇರಿಸುತ್ತದೆ. ಒಳಗಿನ ಫೇಸ್ ವೈರಿನ ರಬ್ಬರು ಹರಿದು ತಗಡಿಗೆ ತಾಗಿತು ಎನ್ನಿ. ಅರ್ಥ್ ಸರಿಯಾಗಿದ್ದರೆ ಕರೆಂಟು ಆ ದಾರಿಯಲ್ಲಿ ಹೋಗುತ್ತದೆ, ಫ್ಯೂಸು ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ? ತಗಡಿಗೆ 230 ವೋಲ್ಟು ಬರುತ್ತದೆ. ಮೈಕಿನ ಜಾಲರಿ ಆ ತಗಡಿಗೇ ಸೇರಿರುತ್ತದೆ. ಗಿಟಾರಿನ ತಂತಿಯೂ ಅಲ್ಲಿಗೇ ಸೇರಿರುತ್ತದೆ. ಹಾಡುವವರು ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಂತಿದ್ದಾರೆ. ಮೈಕು ಕೈಯಲ್ಲಿದೆ, ತುಟಿಗೆ ಹತ್ತಿರವಿದೆ. ಆಗ ಕರೆಂಟು ಅವರ ಮೈಯೊಳಗಿಂದಲೇ ನೆಲಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಪಿನ್ನು ಇದ್ದರೆ ಸಾಲದು. ನೆಲದಲ್ಲಿ ಅರ್ಥ್ ಗುಂಡಿ ಸರಿ ಇರಬೇಕು. ಹಸಿ ಮಣ್ಣಿನಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಒಣ ಮಣ್ಣಿನಲ್ಲಿ ಹರಿಯುವುದು ಕಷ್ಟ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡವಿದೆ. ಚನ್ನಗಿರಿಯಲ್ಲಿ ಅಡಿಕೆ ತೋಟಗಳ ಹಸಿ ನೆಲವಿದೆ. ಜಗಳೂರು ಬಯಲುಸೀಮೆ. ಬೇಸಿಗೆಯಲ್ಲಿ ಅಲ್ಲಿನ ಮಣ್ಣು ಒಣಗಿ ಬಿರಿಯುತ್ತದೆ. ಹೀಗೆ ಒಣಗುವ ಕಡೆ ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿರಬೇಕು. ಆಗಾಗ ನೀರು ಹೊಯ್ಯಬೇಕು. ಗುಂಡಿಯನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ, ಪರೀಕ್ಷೆ ಮಾಡಿಸಿ. ಸಮುದಾಯ ಭವನದ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ಇನ್ನೂ ಒಳ್ಳೆಯದು. ಕರೆಂಟು ದಾರಿ ತಪ್ಪಿ ಸೋರಿದರೆ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲೈನು ಕಡಿಯುತ್ತದೆ.

ಮೆಕ್ಯಾನಿಕ್ ಮಾಡಬೇಕಾದ ಕೆಲಸ

ವಾಲ್ವ್ ಸೆಟ್ಟಿನ ಒಳಗೆ 300 ವೋಲ್ಟಿಗೂ ಹೆಚ್ಚು ಇರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಮಳೆ ನಿಂತರೂ ಕೆರೆಯಲ್ಲಿ ನೀರು ಇರುವುದಿಲ್ಲವೇ, ಹಾಗೆ. ಆದ್ದರಿಂದ ಬಿಚ್ಚುವ ಕೆಲಸ ವಾಲ್ವ್ ಸೆಟ್ ಬಲ್ಲ ಮೆಕ್ಯಾನಿಕ್‌ನದು. ಆದರೆ ಏನು ಮಾಡಿಸಬೇಕು ಎಂಬುದು ನಮಗೆ ತಿಳಿದಿರಬೇಕು. ಹೀಗೆ ಹೇಳಿ ಮಾಡಿಸಿ.

ಹಳೆಯ ಕೆಪಾಸಿಟರ್ ಬದಲಿಸಲಿ. ಹೊಸದರ ವೋಲ್ಟು ಹಳೆಯದಕ್ಕಿಂತ ಕಡಿಮೆ ಇರಬಾರದು. ಪ್ಲಸ್, ಮೈನಸ್ ಅದಲು ಬದಲಾಗಬಾರದು, ಆದರೆ ಸಿಡಿಯುತ್ತದೆ. 'ದೊಡ್ಡದು ಹಾಕಿದರೆ ಇನ್ನೂ ಒಳ್ಳೇದು' ಎಂದು ಬಹಳ ದೊಡ್ಡದನ್ನೂ ಹಾಕಬಾರದು. ಕರೆಂಟನ್ನು ಒಂದು ದಿಕ್ಕಿಗೆ ತಿರುಗಿಸುವ ವಾಲ್ವು ಆ ಭಾರಕ್ಕೆ ಕೆಡುತ್ತದೆ.

ವಾಲ್ವನ್ನು ಬಿಸಿ ಮಾಡುವ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು, ಮೈಕಿನ ವೈರಿನಿಂದ ದೂರ ಇಡಲಿ. ಮೈಕಿನ ಪಿನ್ನಿನಿಂದ ಮೊದಲ ವಾಲ್ವಿನವರೆಗೆ ಜಾಲರಿ ಇರುವ ವೈರು ಹಾಕಲಿ. ಇದರಿಂದಲೇ ಎಷ್ಟೋ ಸದ್ದು ತಗ್ಗುತ್ತದೆ.

ಹಳೆಯ ಸೆಟ್ಟಿಗೆ ಎರಡೇ ಪಿನ್ನು ಇದ್ದರೆ ಮೂರು ಎಳೆಯ ವೈರು ಹಾಕಿಸಿ. ಹಸಿರು ವೈರು ತಗಡಿಗೆ ಬಿಗಿಯಾಗಿ ಸೇರಿರಬೇಕು. ಫ್ಯೂಸು ಫೇಸ್ ವೈರಿನಲ್ಲಿರಬೇಕು. ಆದರೆ ಕೆಲವು ಹಳೆಯ ಸೆಟ್ಟುಗಳಲ್ಲಿ ಕರೆಂಟಿಗೆ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವುಗಳ ತಗಡಿಗೆ ನೇರವಾಗಿ ಲೈನು ಬಂದಿರಬಹುದು. ಅಂಥ ಸೆಟ್ಟಿಗೆ ಮೈಕು, ಗಿಟಾರ್ ಹಾಕಲೇಬೇಡಿ. ಅದನ್ನು ಕಪಾಟಿನಲ್ಲಿಟ್ಟು ನೋಡುವುದೇ ಕ್ಷೇಮ.

ದೊಡ್ಡ ವಾಲ್ವು ಹಾಕಿ ಸದ್ದು ಹೆಚ್ಚಿಸುವ ಆಸೆಯೂ ಬೇಡ. 10 ವ್ಯಾಟಿನ ಸೆಟ್ಟನ್ನು 20 ವ್ಯಾಟ್ ಮಾಡಿದರೆ ಸದ್ದು ಎರಡು ಪಟ್ಟು ಆಗುವುದಿಲ್ಲ. ಕಿವಿಗೆ ಸ್ವಲ್ಪ ಮಾತ್ರ ಹೆಚ್ಚು ಎನಿಸುತ್ತದೆ. ಆದರೆ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸ್ಪೀಕರಿನ ವೈರು ಕಿತ್ತಿರುವಾಗ ವಾಲ್ವ್ ಸೆಟ್ಟನ್ನು ನಡೆಸಿದರೂ ಇದೇ ಅಪಾಯ.

ಯಾರಿಗಾದರೂ ಕರೆಂಟು ಹೊಡೆದರೆ

ಅವರನ್ನು ಕೈಯಿಂದ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಸಿಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣ ಕೋಲಿನಿಂದ ಮೈಕನ್ನು ಅಥವಾ ವೈರನ್ನು ದೂರ ತಳ್ಳಿ. ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರು ನಿಂತಿದ್ದರೆ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ, ಬೇಗಬೇಗ ಒತ್ತುತ್ತಿರಿ. ಕಂಬದ ವೈರು ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. 1912ಕ್ಕೆ ಫೋನ್ ಮಾಡಿ ತಿಳಿಸಿ.

ನೆನಪಿಡೋಣ

ಗುಂಯ್ ಸದ್ದು ಒಂದು ಸೂಚನೆ. ಸೆಟ್ಟಿನಲ್ಲಿ ಏನೋ ಸರಿಯಿಲ್ಲ ಎಂದು ಅದು ಹೇಳುತ್ತಿದೆ. ಅದರ ಬಾಯಿ ಮುಚ್ಚಿಸುವುದಲ್ಲ, ಕಾರಣ ಹುಡುಕಬೇಕು. ಸ್ವಲ್ಪ ಸದ್ದು ಉಳಿದರೂ ಹಾಡು ಕೇಳುತ್ತದೆ. ಹಾಡುವವರು ಕ್ಷೇಮವಾಗಿ ಮನೆಗೆ ಹೋಗಬೇಕು.

ನೀವೇ ಹೇಳಿ

1. ವಾಲ್ಯೂಮ್ ಕಡಿಮೆ ಮಾಡಿದರೂ ಗುಂಯ್ ಸದ್ದು ಹಾಗೇ ಇದ್ದರೆ ದೋಷ ಎಲ್ಲಿರಬಹುದು?
2. ಕೆಪಾಸಿಟರನ್ನು ಕೆರೆಗೆ ಏಕೆ ಹೋಲಿಸಿದ್ದೇವೆ?
3. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಏಕೆ ಹೊಯ್ಯಬೇಕು?
4. ನಿಮ್ಮ ಊರಿನ ಸೆಟ್ಟಿನ ಪ್ಲಗ್ಗಿಗೆ ಮೂರು ಪಿನ್ನು ಇವೆಯೇ? ಇಂದೇ ಹೋಗಿ ನೋಡಿ.