ಕಡಲತೀರಕ್ಕೂ ತಲೆಯೆಣಿಕೆ ಬೇಕು

ಇಟಲಿಯ ಸಾರ್ಡೀನಿಯಾ ದ್ವೀಪದ ವಾಯವ್ಯ ಮೂಲೆಯಲ್ಲಿ ಸ್ತಿಂತೀನೊ ಎಂಬ ಪುಟ್ಟ ಊರಿದೆ. ಅದರ ಬದಿಯ ಲಾ ಪೆಲೋಸಾ ಕಡಲತೀರ ಮೆಡಿಟರೇನಿಯನ್ ಸಮುದ್ರದ ಅತ್ಯಂತ ಜನಪ್ರಿಯ ತೀರಗಳಲ್ಲೊಂದು. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿಗೆ ಹೋಗಬಯಸುವವರು ಅಂತರ್ಜಾಲದ ಮೂಲಕ ಮುಂಗಡವಾಗಿ ಹೆಸರು ನೋಂದಾಯಿಸಬೇಕು. 2020ರಲ್ಲಿ ಆರಂಭವಾದ ಈ ವ್ಯವಸ್ಥೆಯ ಪ್ರಕಾರ ದಿನವೊಂದಕ್ಕೆ 1,500 ಮಂದಿಗೆ ಮಾತ್ರ ಪ್ರವೇಶ. ಶುಲ್ಕ ತಲಾ ಮೂರೂವರೆ ಯೂರೊ ಎಂದು ನಿಗದಿಯಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 350 ರೂಪಾಯಿ. ಟವೆಲನ್ನು ನೇರವಾಗಿ ಮರಳಿನ ಮೇಲೆ ಹಾಸುವಂತಿಲ್ಲ, ಅಡಿಯಲ್ಲಿ ಚಾಪೆ ಇರಲೇಬೇಕು. ಒದ್ದೆ ಬಟ್ಟೆಗೆ ಅಂಟಿಕೊಂಡು ಮರಳು ಊರು ಬಿಡುತ್ತದೆ ಎಂಬುದೇ ಈ ನಿಯಮಕ್ಕೆ ಕಾರಣ.

ನನಗೆ ಈ ವಿವರಗಳು ತಿಳಿದದ್ದು ಪ್ರವಾಸದ ಉತ್ಸಾಹದಿಂದಲ್ಲ. ರಾಮಕುಂಜದಲ್ಲಿ ಅಡಕೆ ತೋಟ ನೋಡಿಕೊಂಡಿರುವ ನನ್ನ ಅಕ್ಕ ಮತ್ತು ಭಾವ, ಇಟಲಿಯಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗುವ ಸಿದ್ಧತೆಯಲ್ಲಿದ್ದಾರೆ. ಮಗ ಕಳುಹಿಸಿದ ಪ್ರವಾಸದ ಪಟ್ಟಿಯಲ್ಲಿ ಈ ತೀರವೂ ಇತ್ತು. ಸರ್ಕಾರಿ ಕೆಲಸದಲ್ಲಿದ್ದವನು ಎಂಬ ಕಾರಣಕ್ಕೆ ಊರಿನ ಸಕಲ ಕಾಗದಪತ್ರಗಳೂ ನನ್ನ ಮುಂದೆ ಬರುವುದು ವಾಡಿಕೆ. ಇದೂ ಬಂತು. "ಸಮುದ್ರ ನೋಡುವುದಕ್ಕೂ ಟಿಕೇಟಾ ಭಾವಾ?" ಎಂದು ಭಾವ ಕೇಳಿದರು. ನಾನು ಉತ್ತರಿಸುವ ಮೊದಲೇ ಅಕ್ಕ, ಅಮಾವಾಸ್ಯೆ ಹುಣ್ಣಿಮೆಗಳಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದೆಂದು ನಮ್ಮ ಹಿರಿಯರೂ ಹೇಳುತ್ತಿದ್ದರಲ್ಲ ಎಂದಳು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಆ ಮಾತು ರುಚಿಸಿತು. ಹಿರಿಯರ ಉದ್ದೇಶ ಬೇರೆಯೇ ಇದ್ದೀತು. ಆದರೆ ಆ ಕಟ್ಟಳೆಯ ಪರಿಣಾಮವೂ ಒಂದು ಮಿತಿಯೇ. ಅವರು ದಿನಗಳನ್ನು ಎಣಿಸಿದರು, ಇಟಲಿಯವರು ತಲೆಗಳನ್ನು ಎಣಿಸುತ್ತಿದ್ದಾರೆ.

ಮಗನ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಎಚ್ಚರಿಕೆಯಿತ್ತು: ನೆನಪಿಗೆಂದು ಮರಳನ್ನಾಗಲಿ ಚಿಪ್ಪನ್ನಾಗಲಿ ಚೀಲಕ್ಕೆ ಹಾಕಿಕೊಳ್ಳಬೇಡಿ. ಇದು ಉತ್ಪ್ರೇಕ್ಷೆಯಲ್ಲ. ಸಾರ್ಡೀನಿಯಾದಲ್ಲಿ 2017ರ ಕಾನೂನಿನಂತೆ ತೀರದ ಮರಳು ಕೊಂಡೊಯ್ದವರಿಗೆ 500ರಿಂದ 3,000 ಯೂರೊವರೆಗೆ ದಂಡ ವಿಧಿಸಬಹುದು. 2019ರಲ್ಲಿ ಸುಮಾರು 40 ಕಿಲೊ ಮರಳನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೊರಟ ಫ್ರಾನ್ಸಿನ ದಂಪತಿ ಬಂದರಿನಲ್ಲಿ ಸಿಕ್ಕಿಬಿದ್ದದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ನಮ್ಮ ಕಡೆಯವರಿಗೆ ಇದು ತಮಾಷೆಯಾಗಿ ಕಾಣುವುದು ಸಹಜ. ಕುಮಾರಪರ್ವತದ ಕಡೆಯಿಂದ ಹರಿದುಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಆ ಕಡಲತೀರಕ್ಕೆ ಮರಳು ಹೋಗಬೇಕಾದದ್ದು ಈ ನದಿಗಳಿಂದ. ಅದು ಬಾಟಲಿಯಲ್ಲಲ್ಲ, ಲಾರಿಯಲ್ಲಿ ಹೋಗುವುದನ್ನು ನಾವು ಕಂಡಿದ್ದೇವೆ. ಉಳ್ಳಾಲ, ಸೋಮೇಶ್ವರಗಳಲ್ಲಿ ಮಳೆಗಾಲ ಬಂತೆಂದರೆ ಮನೆಗಳು ಕಡಲ ಪಾಲಾಗುವ ಭೀತಿ. ಅದಕ್ಕೆ ಅಳಿವೆಯ ತಡೆಗೋಡೆಗಳೂ ಸೇರಿ ಹಲವು ಕಾರಣಗಳಿವೆ ನಿಜ. ಆದರೆ ಕೆಳಗೆ ಬಾರದ ಮರಳು ತೀರವನ್ನು ಕಟ್ಟಲಾರದು. ಇದು ಪ್ರತ್ಯೇಕ ಲೇಖನಕ್ಕೆ ವಸ್ತು, ಇಲ್ಲಿ ಬಿಡುತ್ತೇನೆ.

ಇಟಲಿಯ ಮಾತು ಹಾಗಿರಲಿ. ರಾಮಕುಂಜದ ಒಂದು ಕುಟುಂಬ ನಮ್ಮದೇ ಕರಾವಳಿಯ ಒಂದು ಸಂರಕ್ಷಿತ ತೀರಕ್ಕೆ ಹೋಗಲು ಯೋಜನೆ ಹಾಕುವುದು ಹೇಗೆ? ಉಪ್ಪಿನಂಗಡಿ, ಬಂಟ್ವಾಳ, ಮಂಗಳೂರು ದಾಟಿ ಉಡುಪಿಯ ಹಾದಿ ಹಿಡಿದರೆ ಮೊದಲು ಪಡುಬಿದ್ರಿ. ಇನ್ನೂ ಮುಂದೆ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ದ್ವೀಪಕ್ಕೆ ದೋಣಿಯಿಲ್ಲ. ಅಕ್ಟೋಬರ್‌ನಲ್ಲಿ ದಸರಾ ರಜೆ, ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸ ಮತ್ತು ಕ್ರಿಸ್ಮಸ್ ರಜೆ, ಏಪ್ರಿಲ್ ಮೇ ತಿಂಗಳಲ್ಲಿ ಬೇಸಿಗೆ ರಜೆ. ಹೀಗೆ ಅನುಕೂಲದ ಹವಾಮಾನವೂ ಜನಜಂಗುಳಿಯೂ ಒಟ್ಟಿಗೇ ಬರುತ್ತವೆ. ಬುದ್ಧಿವಂತರು ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ತಲುಪುವಂತೆ ಹೊರಡುತ್ತಾರೆ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ, ದಿನಗೂಲಿಯವರಿಗೆ ಭಾನುವಾರವೇ ಗತಿ. ಕಳೆದ ರಜೆಯಲ್ಲಿ ಮೊಮ್ಮಕ್ಕಳೊಡನೆ ನಾನು ಹೋದ ಒಂದು ತೀರದಲ್ಲಿ ವಾಹನ ನಿಲ್ಲಿಸುವ ಜಾಗಕ್ಕೇ ಮುಕ್ಕಾಲು ಗಂಟೆ ಕಾಯಬೇಕಾಯಿತು. ನೀರಿಗಿಳಿದವರ ಸಂಖ್ಯೆಗೂ ಅಲ್ಲಿದ್ದ ಇಬ್ಬರು ಜೀವರಕ್ಷಕರಿಗೂ ತಾಳಮೇಳವಿರಲಿಲ್ಲ. ಇಂದು ಎಷ್ಟು ಜನ ಬಂದಿದ್ದಾರೆ ಎಂದು ಪ್ರವೇಶದ್ವಾರದವರನ್ನು ಕೇಳಿದೆ. ಸಂಜೆ ರಶೀದಿ ಪುಸ್ತಕ ಎಣಿಸಿದರೆ ಗೊತ್ತಾಗುತ್ತದೆ ಎಂಬ ಉತ್ತರ ಬಂತು.

ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರ ಅಕ್ಟೋಬರ್‌ನಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ದೊರೆತಾಗ ಕರಾವಳಿ ಹೆಮ್ಮೆಪಟ್ಟಿತು. ದೇಶದ ಎಂಟು ತೀರಗಳಿಗೆ ಒಮ್ಮೆಲೇ ಸಿಕ್ಕ ಆ ಮನ್ನಣೆಯಲ್ಲಿ ಎರಡು ನಮ್ಮ ರಾಜ್ಯದವು. 1985ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ, ಈಗ ಡೆನ್ಮಾರ್ಕಿನ ಸಂಸ್ಥೆಯೊಂದು ನಡೆಸುವ ಈ ಯೋಜನೆ ನೀರಿನ ಗುಣಮಟ್ಟ, ಪರಿಸರ ಶಿಕ್ಷಣ, ಪರಿಸರ ನಿರ್ವಹಣೆ, ಸುರಕ್ಷತೆ ಎಂಬ ತಲೆಬರಹಗಳಡಿ 33 ಮಾನದಂಡಗಳನ್ನು ವಿಧಿಸುತ್ತದೆ. ನೀರಿನ ಪರೀಕ್ಷೆ, ಶೌಚಾಲಯ, ಅಂಗವಿಕಲರಿಗೆ ದಾರಿ, ಕಸದ ವಿಂಗಡಣೆ ಇವೆಲ್ಲ ನಮ್ಮ ತೀರಗಳಿಗೆ ಬಂದದ್ದು ಬಹುಮಟ್ಟಿಗೆ ಈ ಧ್ವಜದ ಆಸೆಯಿಂದ. ಅದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ದಿನಕ್ಕೆ ಇಷ್ಟೇ ಜನ ಎಂಬ ಸಂಖ್ಯೆಯನ್ನು ಆ ಮಾನದಂಡಗಳು ನಿಗದಿಪಡಿಸುವುದಿಲ್ಲ. ಆ ಕೆಲಸ ಸ್ಥಳೀಯ ಆಡಳಿತದ್ದು.

ನಮ್ಮಲ್ಲಿ ಜನಜಂಗುಳಿಗೆ ಮದ್ದೆಂದರೆ ಶುಲ್ಕ ಏರಿಸುವುದು ಎಂಬ ನಂಬಿಕೆ ಅಧಿಕಾರಿ ವಲಯದಲ್ಲಿ ಬೇರೂರಿದೆ. ಬೇಡಿಕೆ ಹೆಚ್ಚಿದರೆ ಬೆಲೆ ಏರಿಸಿ ಎಂಬುದು ಪಠ್ಯಪುಸ್ತಕದ ಮೊದಲ ಪಾಠ. ಎರಡನೆಯ ಪಾಠವನ್ನು ಅನೇಕರು ಓದಿದಂತಿಲ್ಲ. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬಂದ ಕುಟುಂಬ ಇಂಧನಕ್ಕೆ, ವಸತಿಗೆ ಹತ್ತಾರು ಸಾವಿರ ವೆಚ್ಚ ಮಾಡಿರುತ್ತದೆ. ಪ್ರವೇಶದ್ವಾರದಲ್ಲಿ ಇನ್ನೂ 50 ರೂಪಾಯಿ ಹೆಚ್ಚು ಕೇಳಿದರೆ ಅದು ಹಿಂದಿರುಗುವುದಿಲ್ಲ. ಹಿಂದಿರುಗುವುದು ಬಸ್ಸಿನಲ್ಲಿ ಐದಾರು ಮಂದಿಯೊಡನೆ ಬಂದ ಕೂಲಿಕಾರರ ಕುಟುಂಬ. ಹೀಗಾಗಿ ಶುಲ್ಕವೊಂದನ್ನೇ ಏರಿಸಿದರೆ ಜನ ಕಡಿಮೆಯಾಗುವುದಿಲ್ಲ, ಬಡವರು ಮಾತ್ರ ಕಡಿಮೆಯಾಗುತ್ತಾರೆ. ಲಾ ಪೆಲೋಸಾದ ಜಾಣತನ ಇರುವುದು ಇಲ್ಲೇ. ಅಲ್ಲಿನ ಶುಲ್ಕ ಆ ದೇಶದ ಮಟ್ಟಿಗೆ ಒಂದೆರಡು ಕಾಫಿಯ ಬೆಲೆ. ಕಟ್ಟುನಿಟ್ಟಾಗಿರುವುದು 1,500 ಎಂಬ ಸಂಖ್ಯೆ. ಅದೇ ದ್ವೀಪದ ಪೂರ್ವ ತೀರದ ಕಾಲಾ ಗೊಲೊರಿಟ್ಸೆ ಎಂಬ ಕಿರುಕೊಲ್ಲಿಗೆ ಕಾಲುದಾರಿಯಿಂದ ಇಳಿಯುವವರಿಗೆ ಇರುವ ಮಿತಿ ದಿನಕ್ಕೆ 250.

ಇಂಥ ಮಿತಿ ನಮ್ಮ ಜನಕ್ಕೆ ಒಗ್ಗದು ಎನ್ನುವವರು ಕುಮಾರಪರ್ವತವನ್ನು ನೋಡಬೇಕು. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಚಾರಣಿಗರ ವಾಹನಗಳು ನಮ್ಮೂರ ಬದಿಯಲ್ಲೇ ಹಾದುಹೋಗುತ್ತವೆ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಆ 1,712 ಮೀಟರ್ ಎತ್ತರದ ಶಿಖರದ ಹಾದಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ಅದಾದ ಬಳಿಕವೇ ಅರಣ್ಯ ಇಲಾಖೆ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ತಡೆದು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ನೋಂದಣಿ ವ್ಯವಸ್ಥೆ ತಂದಿತು. ಗೊಣಗಾಟ ಇದ್ದದ್ದು ನಿಜ. ಆದರೂ ಚಾರಣಿಗರು ದಿನಾಂಕ ನೋಡಿ ಹೊರಡುವುದನ್ನು ಕಲಿತರು. ಬೆಟ್ಟಕ್ಕೆ ಸಾಧ್ಯವಾದದ್ದು ತೀರಕ್ಕೆ ಏಕೆ ಸಾಧ್ಯವಿಲ್ಲ?

ಬೆಟ್ಟಕ್ಕೂ ತೀರಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಮರೆಮಾಚಬಾರದು. ತೀರದಲ್ಲಿ ಜನ ಬದುಕುತ್ತಾರೆ. ಕೈರಂಪಣಿ ಬಲೆ ಎಳೆಯುವವರಿಗೆ, ಮೀನು ಒಣಗಿಸುವ ಹೆಂಗಸರಿಗೆ ಅದು ವಿಹಾರದ ಸ್ಥಳವಲ್ಲ, ಅಂಗಳ. ಅವರ ದಾರಿಗೆ ಗೇಟು ಬಿದ್ದರೆ ಸಂರಕ್ಷಣೆಯ ಹೆಸರಿನಲ್ಲಿ ಅನ್ಯಾಯವಾಗುತ್ತದೆ. ಕಡಲತೀರ, ಹರಿವ ನೀರು, ಅರಣ್ಯ ಇವೆಲ್ಲ ಸರ್ಕಾರದ ಸೊತ್ತಲ್ಲ, ಜನರ ಪರವಾಗಿ ಸರ್ಕಾರ ಕಾಯಬೇಕಾದ ನಿಕ್ಷೇಪ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಕಮಲನಾಥ್ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ತಲೆಯೆಣಿಕೆ ಪ್ರವಾಸಿಗರಿಗೆ ಮಾತ್ರ ಅನ್ವಯಿಸಬೇಕು, ತೀರದ ಗ್ರಾಮಸ್ಥರಿಗಲ್ಲ. ಸಂಖ್ಯೆಯನ್ನು ನಿರ್ಧರಿಸುವ ಸಭೆಯಲ್ಲಿ ಮೀನುಗಾರರ ಪ್ರತಿನಿಧಿಗಳು ಕುಳಿತಿರಬೇಕು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಹಲವು ದೇಶಗಳ ಹುಲ್ಲುಗಾವಲು, ನೀರಾವರಿ, ಮೀನುಗಾರಿಕೆಗಳನ್ನು ಅಧ್ಯಯನ ಮಾಡಿ ತೋರಿಸಿದ್ದೂ ಇದನ್ನೇ: ಬಳಸುವವರೇ ಸೇರಿ ಮಾಡಿಕೊಂಡ ನಿಯಮ ಬಾಳುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸಿ ಕಡಲಿಗೆ ಬಿಡುವು ಕೊಡುವ ನಮ್ಮ ಮೀನುಗಾರರಿಗೆ ಮಿತಿ ಎಂದರೇನೆಂದು ಯಾರೂ ಕಲಿಸಬೇಕಿಲ್ಲ.

ಇನ್ನೊಂದು ಆಕ್ಷೇಪ ಮೊಬೈಲಿನದು. ನೋಂದಣಿ ಅಂತರ್ಜಾಲದಲ್ಲೇ ಆದರೆ ಬೆಂಗಳೂರಿನ ಚುರುಕು ಬೆರಳುಗಳು ರಾತ್ರೋರಾತ್ರಿ ಎಲ್ಲ ಸ್ಥಳಗಳನ್ನೂ ಹಿಡಿದುಬಿಡುತ್ತವೆ. ಬಳಿಕ ಅವು ಹೆಚ್ಚಿನ ಬೆಲೆಗೆ ಕೈಬದಲಾಗುವುದೂ ಉಂಟು. ಪಡಿತರ ಚೀಟಿಯ ಕಾಲವನ್ನು ಕಂಡವರಿಗೆ ಇದು ಹೊಸದಲ್ಲ. ಟಿಕೇಟಿನಲ್ಲಿ ಹೆಸರಿರಲಿ, ವರ್ಗಾವಣೆ ಬೇಡ. ಮೂರನೇ ಒಂದು ಪಾಲನ್ನು ಗ್ರಾಮ ಪಂಚಾಯಿತಿಗಳ ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಕೊಡಲಿ. ಪಹಣಿ ಪಡೆಯುವ ಕಿಟಕಿಯಲ್ಲೇ ಕಡಲತೀರದ ಚೀಟಿಯೂ ಸಿಕ್ಕರೆ ರಾಮಕುಂಜದ ಮನೆಯವರು ಒಂದು ವಾರ ಮೊದಲೇ ದಿನ ಗೊತ್ತುಮಾಡಿಕೊಳ್ಳಬಹುದು. ಹೋದಮೇಲೆ ಜಾಗವಿಲ್ಲ ಎನಿಸಿಕೊಳ್ಳುವ ಪ್ರಮೇಯವಿರುವುದಿಲ್ಲ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಕಡಲ ಪಾಲಾದರು. ಆ ಬಳಿಕ ತೀರವನ್ನು ಕೆಲಕಾಲ ಮುಚ್ಚಲಾಯಿತು. ಬಯಲುಸೀಮೆಯ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮುದ್ರವೆಂದರೆ ಬಾಲ್ಯದಲ್ಲಿ ಒಮ್ಮೆ ಸಿಗುವ ಭಾಗ್ಯ. ಆ ಮಕ್ಕಳು ಬರುವುದು ಡಿಸೆಂಬರ್‌ನಲ್ಲೇ, ಎಲ್ಲರೂ ಬರುವ ವೇಳೆಯಲ್ಲೇ. ಯಾವ ದಿನ, ಯಾವ ಗಂಟೆಗೆ, ಎಷ್ಟು ಬಸ್ಸು ಬರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅಷ್ಟು ಜೀವರಕ್ಷಕರನ್ನು ನಿಲ್ಲಿಸಬಹುದು, ಸೆಳೆತವಿರುವ ಕಡೆ ಹಗ್ಗ ಕಟ್ಟಬಹುದು. ಆದ್ದರಿಂದ ಡಿಸೆಂಬರ್‌ನ ವಾರದ ದಿನಗಳಲ್ಲಿ ಬೆಳಗಿನ ಹೊತ್ತನ್ನು ಸರ್ಕಾರಿ ಶಾಲೆಗಳಿಗೆ ಮೊದಲು ಕಾದಿರಿಸಿ, ಉಳಿದುದನ್ನು ಇತರರಿಗೆ ಕೊಡುವುದು ನ್ಯಾಯ. ಶುಲ್ಕವೂ ಆ ಮಕ್ಕಳಿಗೆ ಬೇಡ.

ಸಂಖ್ಯೆ ಎಷ್ಟಿರಬೇಕೆಂದು ನಾನು ಮನೆಯ ಜಗಲಿಯಲ್ಲಿ ಕುಳಿತು ಹೇಳುವುದು ತರವಲ್ಲ. ಅದು ಸ್ಥಳದಿಂದ ಸ್ಥಳಕ್ಕೆ ಬೇರೆ. ಸೇಂಟ್ ಮೇರೀಸ್ ದ್ವೀಪ ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದ, ಅಂದರೆ ಸುಮಾರು 8.8 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿ ಶಿಲಾಸ್ತಂಭಗಳ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ದೋಣಿಯಲ್ಲಿ ಕೂರುವವರ ಲೆಕ್ಕ ಬೇರೆ, ದ್ವೀಪ ತಾಳುವವರ ಲೆಕ್ಕ ಬೇರೆ. 2024ರ ಆರಂಭದಲ್ಲಿ ಮಂಗಳೂರು ಸಮೀಪದ ಸಸಿಹಿತ್ಲು ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಟ್ಟಾಗ ಅರಣ್ಯ ಇಲಾಖೆಯವರೂ ಸ್ಥಳೀಯರೂ ಕಾವಲು ನಿಂತರು. ಮೊಟ್ಟೆ ಒಡೆಯಲು ಒಂದೂವರೆ ತಿಂಗಳಿಗೂ ಹೆಚ್ಚು ಬೇಕು, ಅಂಥ ತೀರಕ್ಕೆ ಆ ಅವಧಿಗೆ ಬೇರೆಯೇ ಸಂಖ್ಯೆ ಬೇಕು. ಜೀವರಕ್ಷಕರೆಷ್ಟು, ಶೌಚಾಲಯವೆಷ್ಟು, ನೆರಳೆಷ್ಟು ಎಂಬುದನ್ನೂ ಸೇರಿಸಿ ಜಿಲ್ಲಾಡಳಿತ ಮೊದಲು ಎರಡು ಸ್ಥಳಗಳಿಗೆ, ಪಡುಬಿದ್ರಿಗೆ ಮತ್ತು ಈ ದ್ವೀಪಕ್ಕೆ, ಒಂದೊಂದು ಸಂಖ್ಯೆ ಗೊತ್ತುಪಡಿಸಲಿ. ಮೊದಲ ವರ್ಷದ ಅನುಭವ ನೋಡಿ ಎರಡನೇ ವರ್ಷ ತಿದ್ದಲಿ. ಮಳೆಗಾಲದ ನಾಲ್ಕು ತಿಂಗಳು ಈ ಲೆಕ್ಕಕ್ಕೆ ಸಾಕಷ್ಟು ಸಮಯ. ಮಲ್ಪೆಯಲ್ಲಿ ದೋಣಿಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ಟಿಕೇಟು ಕಿಟಕಿಯ ಪಕ್ಕದ ಫಲಕದಲ್ಲಿ ದರದ ಜೊತೆಗೆ ಆ ಸಂಖ್ಯೆಯನ್ನೂ ಬರೆದಿರಬೇಕು. ಅದರ ಕೆಳಗೆ, ಇಂದು ಈವರೆಗೆ ಬಂದವರೆಷ್ಟು ಎಂಬುದನ್ನು ಗಂಟೆಗೊಮ್ಮೆ ಸೀಮೆಸುಣ್ಣದಲ್ಲಿ ಬರೆಯಲು ಒಂದಿಷ್ಟು ಜಾಗ.