ಎಂಜಿನ್ನಿನ ಗಂಟಲು ಎಷ್ಟು ಅಗಲ ಇರಬೇಕು?



ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ದಿನ ಕೇಳಿದ: "ಸರ್, ಬೈಕಿಗೆ ಈಗ ಇರುವುದಕ್ಕಿಂತ ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಎಳೆಯುವ ಶಕ್ತಿ ಜಾಸ್ತಿ ಆಗ್ತದಾ?" ನಾನು ಹೆಚ್ಚು ಯೋಚಿಸಲಿಲ್ಲ. "ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಹೋದರೆ ಹೆಚ್ಚು ಶಕ್ತಿ ಬರಲೇಬೇಕಲ್ಲ" ಎಂದುಬಿಟ್ಟೆ. ಅವನ ಅಣ್ಣ ಬೆಳಿಗ್ಗೆ ಹಳೆಯ ಬೈಕಿನಲ್ಲಿ ಸೊಸೈಟಿಗೆ ಹಾಲು ಒಯ್ಯುವವನು. ಗುಜರಿಯಿಂದ ದೊಡ್ಡ ಕಾರ್ಬ್ಯುರೇಟರ್ ತಂದು ಹಾಕಿಸಿದ. ಮರುವಾರ ಹುಡುಗ ಪುನಃ ಬಂದ. ಬೈಕು ಚಡಾವಿನಲ್ಲಿ ಮುಕ್ಕರಿಸಿ ನಿಲ್ಲುತ್ತದಂತೆ, ಪ್ಲಗ್ಗು ಕಪ್ಪಾಗುತ್ತದಂತೆ, ಪೆಟ್ರೋಲು ಮೊದಲಿಗಿಂತ ಬೇಗ ಮುಗಿಯುತ್ತದಂತೆ.

ತಪ್ಪು ನನ್ನದೇ. ಹಾಲಿನ ದುಡ್ಡಿನಲ್ಲಿ ಉಳಿಸಿದ್ದು ನನ್ನ ಒಂದು ಅವಸರದ ಉತ್ತರಕ್ಕೆ ಹೋಯಿತು. ಆ ಉತ್ತರವನ್ನು ಸರಿಪಡಿಸಲು ಈ ಲೇಖನ. ಬೈಕಿನ ಪ್ರಶ್ನೆಯನ್ನೇ ಸ್ವಲ್ಪ ದೊಡ್ಡದು ಮಾಡಿ, ಎರಡು ಕಾರ್ಬ್ಯುರೇಟರ್ ಇರುವ ಕಾರಿನ ಎಂಜಿನ್ ಹಿಡಿದುಕೊಂಡು ನೋಡುವ. ಅದರಲ್ಲಿ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕಾರ್ಬ್ಯುರೇಟರ್ ಮಾಡುವ ಕೆಲಸ

ಪೆಟ್ರೋಲು ದ್ರವವಾಗಿ ಎಂಜಿನ್ನಿನೊಳಗೆ ಸರಿಯಾಗಿ ಉರಿಯುವುದಿಲ್ಲ. ಅದು ಗಾಳಿಯಲ್ಲಿ ಹನಿ ಹನಿಯಾಗಿ, ಆವಿಯಾಗಿ ಬೆರೆಯಬೇಕು. ಪೂರ್ತಿ ಉರಿಯಲು ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಬೆರಕೆ ಮಾಡಿಕೊಡುವುದೇ ಕಾರ್ಬ್ಯುರೇಟರ್.

ಅದರೊಳಗೆ ನಡುವೆ ಸಪೂರವಾದ ಒಂದು ಕೊಳವೆ ಉಂಟು. ಅದನ್ನು ಗಂಟಲು ಎನ್ನುವ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಈ ಗಂಟಲಿನ ಮೂಲಕ ನುಗ್ಗುತ್ತದೆ. ಸಪೂರ ಜಾಗದಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಹೀಗಾಗುತ್ತದೆ ಎಂದು ತಿಳಿಸಿಕೊಟ್ಟವರು 1738ರಲ್ಲಿ ಡೇನಿಯಲ್ ಬರ್ನೌಲಿ ಮತ್ತು 1797ರಲ್ಲಿ ಇಟೆಲಿಯ ವೆಂಚುರಿ. ಗಂಟಲಿನ ಪಕ್ಕದ ಸಣ್ಣ ತೊಟ್ಟಿಯಲ್ಲಿ ಪೆಟ್ರೋಲು ಇರುತ್ತದೆ. ಒತ್ತಡ ಇಳಿದ ಕಡೆಗೆ ಅದು ಜೆಟ್ ಎಂಬ ಸೂಕ್ಷ್ಮ ರಂಧ್ರದಿಂದ ಚಿಮ್ಮುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಪೆಟ್ರೋಲನ್ನು ಯಾರೂ ತಳ್ಳುವುದಿಲ್ಲ. ಗಾಳಿಯ ವೇಗವೇ ಅದನ್ನು ಎತ್ತಬೇಕು. ವೇಗ ಇಲ್ಲದಿದ್ದರೆ ಪೆಟ್ರೋಲು ಏಳುವುದಿಲ್ಲ.

ಪಪ್ಪಾಯಿ ದಂಟಿನ ಪ್ರಯೋಗ

ಒಂದು ಗ್ಲಾಸಿನಲ್ಲಿ ಅಂಚಿನ ಹತ್ತಿರದವರೆಗೆ ನೀರು ತುಂಬಿ. ಜ್ಯೂಸ್ ಕುಡಿಯುವ ನಳಿಗೆಯೊಂದನ್ನು ನೀರಿನಲ್ಲಿ ನೆಟ್ಟಗೆ ಹಿಡಿಯಿರಿ. ಅದರ ಬಾಯಿ ನೀರಿಗಿಂತ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರಲಿ. ಈಗ ಇನ್ನೊಂದು ಸಪೂರ ನಳಿಗೆಯಿಂದ ಆ ಬಾಯಿಯ ಮೇಲೆ ಅಡ್ಡಕ್ಕೆ ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗಿ ಹಾರುತ್ತದೆ.

ಇನ್ನು ಸಪೂರ ನಳಿಗೆ ಬಿಟ್ಟು ದಪ್ಪದ ಪಪ್ಪಾಯಿ ಎಲೆಯ ದಂಟು ತೆಗೆದುಕೊಳ್ಳಿ. ಸೊನೆ ಹೋಗುವ ಹಾಗೆ ಚೆನ್ನಾಗಿ ತೊಳೆದುಕೊಳ್ಳಿ. ಅದರಿಂದ ಅದೇ ರೀತಿ ಊದಿ. ಊದಿದವರು ನೀವೇ, ಉಸಿರೂ ಅಷ್ಟೇ. ಆದರೆ ನೀರು ಸರಿಯಾಗಿ ಏಳುವುದಿಲ್ಲ. ಬಾಯಿ ಅಗಲವಾಯಿತು, ಗಾಳಿಯ ವೇಗ ಕುಸಿಯಿತು.

ಆ ಅಣ್ಣನ ಬೈಕಿಗೆ ಆದದ್ದೂ ಇದೇ. (ಪ್ರಯೋಗ ನೀರಿನಲ್ಲಿ ಮಾತ್ರ. ಪೆಟ್ರೋಲು, ಸೀಮೆಎಣ್ಣೆ ಮುಟ್ಟಬೇಡಿ.)

ಒಂದೇ ಎಂಜಿನ್, ಎರಡು ಕಾರು

ನಮ್ಮ ಊರುಗಳ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಕಾಲಕ್ಕೆ ಸಾಲಾಗಿ ನಿಲ್ಲುತ್ತಿದ್ದ ಅಂಬಾಸಿಡರ್ ಕಾರು ನಿಮ್ಮ ಮನೆಯ ಹಿರಿಯರಿಗೆ ಗೊತ್ತುಂಟು. ಅದರಲ್ಲಿ ಬಹುಕಾಲ ಇದ್ದದ್ದು 1489 ಸಿಸಿಯ ಪೆಟ್ರೋಲ್ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪೆನಿಯ 'ಬಿ ಸೀರೀಸ್' ಎಂಬ ವಂಶದ್ದು. ಒಂದೇ ಕಾರ್ಬ್ಯುರೇಟರ್, ಶಕ್ತಿ ಸುಮಾರು 50 ಬಿಎಚ್‌ಪಿ.

ಅದೇ ವಂಶದ, ಅದೇ 1489 ಸಿಸಿ ಎಂಜಿನ್ನನ್ನು 1955ರಲ್ಲಿ ಎಂಜಿಎ ಎಂಬ ಸಣ್ಣ ಸ್ಪೋರ್ಟ್ಸ್ ಕಾರಿಗೂ ಹಾಕಿದರು. ಅಲ್ಲಿ ಎರಡು ಕಾರ್ಬ್ಯುರೇಟರ್, ಒಂದೊಂದೂ ಒಂದೂವರೆ ಇಂಚಿನದು. ಶಕ್ತಿ ಸುಮಾರು 70 ಬಿಎಚ್‌ಪಿ. ಈ ಹೆಚ್ಚಳವೆಲ್ಲ ಕಾರ್ಬ್ಯುರೇಟರಿನಿಂದಲೇ ಬಂದದ್ದಲ್ಲ. ಬೆರಕೆಯನ್ನು ಒತ್ತುವ ಪ್ರಮಾಣ, ಕವಾಟಗಳು ತೆರೆಯುವ ಕ್ರಮ ಇವನ್ನೂ ಬದಲಿಸಿದ್ದರು. ಇಡೀ ಎಂಜಿನ್ನೇ ಹೆಚ್ಚು ಉಸಿರಾಡುವ ಹಾಗೆ ಆದಾಗ, ಅದಕ್ಕೆ ಹೊಂದುವ ಗಂಟಲು ಕೊಟ್ಟರು ಅಷ್ಟೆ.

ಇಂಥ ಹಳೆಯ ಎಂಜಿನ್ನುಗಳನ್ನು ತಂದು ತಾವೇ ಜೋಡಿಸಿದ ಕಾರಿಗೆ ಹಾಕುವ ಹವ್ಯಾಸ ಬ್ರಿಟನ್ನಿನಲ್ಲಿ ಬೆಳೆಯಿತು. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಮನೆಯಲ್ಲೇ ಜೋಡಿಸಿಕೊಂಡರೆ ಕಾರಿನ ಮೇಲಿನ ಖರೀದಿ ತೆರಿಗೆ ಉಳಿಯುತ್ತಿತ್ತು. ಇವಕ್ಕೆ 'ಕಿಟ್ ಕಾರು' ಎಂದು ಹೆಸರು. ಕಿಟ್ ಕಾರು ಜೋಡಿಸುವ ಪ್ರತಿಯೊಬ್ಬನಿಗೂ ಬರುವ ಪ್ರಶ್ನೆ ನಮ್ಮ ಹುಡುಗನದ್ದೇ: ಕಾರ್ಬ್ಯುರೇಟರ್ ಎಷ್ಟು ದೊಡ್ಡದು ಬೇಕು?

ಲೆಕ್ಕ ಹಾಕಿ ನೋಡುವ

ಎಂಜಿಎ ಎಂಜಿನ್ನಿಗೆ 4 ಸಿಲಿಂಡರ್. 1489ನ್ನು 4ರಿಂದ ಭಾಗಿಸಿದರೆ ಒಂದಕ್ಕೆ ಸುಮಾರು 372 ಸಿಸಿ. ಅಷ್ಟೂ ಜಾಗಕ್ಕೆ ಗಾಳಿ ತುಂಬುವಷ್ಟು ಪುರುಸೊತ್ತು ಇರುವುದಿಲ್ಲ. 80 ಶೇಕಡಾ ತುಂಬುತ್ತದೆ ಎಂದು ಇಟ್ಟುಕೊಂಡರೆ ಸುಮಾರು 300 ಸಿಸಿ.

ನಿಮಿಷಕ್ಕೆ 5500 ಸುತ್ತು ತಿರುಗುವಾಗ ಒಂದು ಸುತ್ತಿಗೆ 0.011 ಸೆಕೆಂಡು. ಗಾಳಿ ಎಳೆಯುವುದು ಅರ್ಧ ಸುತ್ತಿನಲ್ಲಿ, ಅಂದರೆ 0.0055 ಸೆಕೆಂಡಿನಲ್ಲಿ. ಆದ್ದರಿಂದ ಗಾಳಿಯ ಹರಿವು

300 ÷ 0.0055 = ಸೆಕೆಂಡಿಗೆ ಸುಮಾರು 54,500 ಘನ ಸೆಂ.ಮೀ.

ಒಂದೂವರೆ ಇಂಚು ಎಂದರೆ 38 ಮಿ.ಮೀ. ಆ ವೃತ್ತದ ಕ್ಷೇತ್ರಫಲ 11.4 ಚದರ ಸೆಂ.ಮೀ. ಹರಿವನ್ನು ಕ್ಷೇತ್ರಫಲದಿಂದ ಭಾಗಿಸಿದರೆ ವೇಗ ಸಿಗುತ್ತದೆ: ಸೆಕೆಂಡಿಗೆ 48 ಮೀಟರ್. ಗಂಟೆಗೆ 170 ಕಿಲೋಮೀಟರಿಗಿಂತ ಹೆಚ್ಚು!

ಇನ್ನು ಅದೇ ಎಂಜಿನ್ನಿಗೆ 2 ಇಂಚಿನ, ಅಂದರೆ 51 ಮಿ.ಮೀ. ಗಂಟಲು ಕೊಟ್ಟರೆ? ಕ್ಷೇತ್ರಫಲ 20.4 ಚದರ ಸೆಂ.ಮೀ. ವೇಗ 27 ಮೀಟರಿಗೆ ಇಳಿಯುತ್ತದೆ. 5500 ಸುತ್ತಿನಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಗಾಳಿ ಸಲೀಸಾಗಿ ಹೋಗುತ್ತದೆ.

ತೊಂದರೆ ಇರುವುದು ಕೆಳಗಿನ ವೇಗದಲ್ಲಿ. ಕಾರು ಚಡಾವು ಏರುತ್ತಿದೆ, ಎಂಜಿನ್ 1000 ಸುತ್ತಿಗೆ ಇಳಿದಿದೆ, ಚಾಲಕ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾನೆ ಎಂದುಕೊಳ್ಳಿ. ಅರ್ಧ ಸುತ್ತಿಗೆ ಈಗ 0.03 ಸೆಕೆಂಡು. 38 ಮಿ.ಮೀ. ಗಂಟಲಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 8.8 ಮೀಟರ್, 51 ಮಿ.ಮೀ. ಗಂಟಲಿನಲ್ಲಿ 4.9 ಮೀಟರ್.

ಒತ್ತಡದ ಇಳಿಕೆ = ½ × ಗಾಳಿಯ ಸಾಂದ್ರತೆ × ವೇಗದ ವರ್ಗ.

ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ. ಎಂದು ಹಾಕಿದರೆ ಮೊದಲನೆಯದಕ್ಕೆ 46 ಪಾಸ್ಕಲ್, ಎರಡನೆಯದಕ್ಕೆ 14 ಪಾಸ್ಕಲ್. 46 ಪಾಸ್ಕಲ್ ಪೆಟ್ರೋಲನ್ನು ಸುಮಾರು 6 ಮಿ.ಮೀ. ಎತ್ತಬಲ್ಲದು. 14 ಪಾಸ್ಕಲ್ ಎತ್ತುವುದು ಬರೇ 2 ಮಿ.ಮೀ. ತೊಟ್ಟಿಯ ಪೆಟ್ರೋಲು ಜೆಟ್ಟಿನ ಬಾಯಿಗಿಂತ ಕೆಲವು ಮಿಲಿಮೀಟರ್ ಕೆಳಗೇ ಇರುವುದು. ಹಾಗಾದರೆ 2 ಮಿ.ಮೀ. ಎತ್ತಿದರೆ ಸಾಕಾ? ಸಾಲದು. ಎದ್ದಷ್ಟು ಪೆಟ್ರೋಲೂ ಸಣ್ಣ ಹನಿಯಾಗದೆ ಕೊಳವೆಯ ಗೋಡೆಗೆ ಹಿಡಿಯುತ್ತದೆ. ಕೆಲವೊಮ್ಮೆ ಉಪವಾಸ, ಕೆಲವೊಮ್ಮೆ ಒಮ್ಮೆಲೇ ಹೊಟ್ಟೆತುಂಬ. ಮುಕ್ಕರಿಸುವುದು, ಪ್ಲಗ್ಗು ಕಪ್ಪಾಗುವುದು, ಪೆಟ್ರೋಲು ಪೋಲಾಗುವುದು ಇದರಿಂದಲೇ.

ವೇಗ ಅರ್ಧವಾದರೆ ಎಳೆತ ಅರ್ಧ ಅಲ್ಲ, ಕಾಲು ಭಾಗ. ವರ್ಗದ ಲೆಕ್ಕ ಬರುವುದರಿಂದ ಗಂಟಲು ಸ್ವಲ್ಪ ದೊಡ್ಡದಾದರೂ ಪೆಟ್ಟು ಜೋರಾಗಿ ಬೀಳುತ್ತದೆ.

ಹಾಗೆಂದು ತೀರಾ ಸಪೂರ ಮಾಡಿದರೆ? ಆಗ ಕೆಳಗಿನ ವೇಗದಲ್ಲಿ ಎಂಜಿನ್ ಚೆನ್ನಾಗಿ ಎಳೆಯುತ್ತದೆ, ಆದರೆ ಸುತ್ತು ಏರಿದಾಗ ಉಸಿರು ಕಟ್ಟುತ್ತದೆ. ಮಣಿಪಾಲದ ಎಂಐಟಿಯ 'ಫಾರ್ಮುಲಾ ಮಣಿಪಾಲ'ದಂಥ ವಿದ್ಯಾರ್ಥಿ ತಂಡಗಳು ಭಾಗವಹಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ ಇದನ್ನೇ ನಿಯಮವಾಗಿ ಬಳಸುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ಗಂಟಲಿನ ಮೂಲಕ ಹೋಗಬೇಕು. ಅಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಹೆಚ್ಚು ಗಾಳಿ ಬಾರದು. ಕಾರುಗಳ ಶಕ್ತಿಗೆ ಹಾಗೆ ಕಡಿವಾಣ ಹಾಕುತ್ತಾರೆ.

ಎರಡು ಎಂದರೆ ಅರ್ಧ ಅರ್ಧ ಅಲ್ಲ

ಇಲ್ಲಿ ಜಾಣರೂ ಎಡವುತ್ತಾರೆ. ಒಂದರ ಬದಲು ಎರಡು ಕಾರ್ಬ್ಯುರೇಟರ್ ಇಟ್ಟರೆ ಪ್ರತಿಯೊಂದೂ ಅರ್ಧ ಕ್ಷೇತ್ರಫಲದ್ದು ಸಾಕಲ್ವಾ ಎಂದು ಕೇಳುತ್ತಾರೆ.

ಮೇಲಿನ ಲೆಕ್ಕವನ್ನು ಪುನಃ ನೋಡಿ. ನಾಲ್ಕು ಸಿಲಿಂಡರ್ ಒಟ್ಟಿಗೆ ಗಾಳಿ ಎಳೆಯುವುದಿಲ್ಲ, ಸರದಿಯಲ್ಲಿ ಎಳೆಯುತ್ತವೆ. ಎಂಜಿಎಯಲ್ಲಿ 1 ಮತ್ತು 2ನೇ ಸಿಲಿಂಡರಿಗೆ ಒಂದು ಕಾರ್ಬ್ಯುರೇಟರ್, 3 ಮತ್ತು 4ಕ್ಕೆ ಇನ್ನೊಂದು. ಒಂದು ಸಿಲಿಂಡರ್ ಉಸಿರೆಳೆಯುವಾಗ ಬೇಕಾದ ಗಾಳಿ ಮುಖ್ಯವಾಗಿ ಅದರ ಕಡೆಯ ಕಾರ್ಬ್ಯುರೇಟರಿನಿಂದಲೇ ಬರಬೇಕು. ಮನೆಗೆ ಎರಡು ಬಾಗಿಲು ಇಟ್ಟೆವೆಂದು ಒಂದೊಂದನ್ನೂ ಅರ್ಧ ಅಗಲ ಮಾಡಿದರೆ ಮನುಷ್ಯ ಒಳಗೆ ಹೋಗುವುದು ಹೇಗೆ?

ಹಾಗಾದರೆ ಎರಡು ಯಾಕೆ? ಒಂದೇ ಇದ್ದರೆ ಬೆರಕೆ ಉದ್ದದ, ಬಾಗಿದ ಕೊಳವೆಯಲ್ಲಿ ಸಾಗಬೇಕು. ಭಾರದ ಹನಿಗಳು ತಿರುವಿನಲ್ಲಿ ಗೋಡೆಗೆ ಅಂಟುತ್ತವೆ. ಎಲ್ಲ ಸಿಲಿಂಡರಿಗೂ ಸಮಪಾಲು ಸಿಗುವುದಿಲ್ಲ. ಅದಲ್ಲದೆ ಒಂದರ ಕವಾಟ ಮುಚ್ಚುವ ಮೊದಲೇ ಮುಂದಿನದರ ಕವಾಟ ತೆರೆಯುವುದರಿಂದ ಒಂದರ ಪಾಲನ್ನು ಇನ್ನೊಂದು ಕಸಿಯುತ್ತದೆ. ಎರಡು ಕಾರ್ಬ್ಯುರೇಟರ್ ಹತ್ತಿರ ಹತ್ತಿರ ಕೂತರೆ ಈ ಜಗಳ ಕಡಿಮೆ.

ಅಳತೆ ಆರಿಸುವವರು ಏನು ನೋಡುತ್ತಾರೆ?

ಎಂಜಿಎಗೆ ಹಾಕಿದ್ದು ಎಸ್‌ಯು ಎಂಬ ಕಾರ್ಬ್ಯುರೇಟರ್. ಚಪ್ಪಲಿ, ಶೂ ವ್ಯಾಪಾರದ ಸ್ಕಿನ್ನರ್ ಮನೆತನದವರು ಇದನ್ನು ರೂಪಿಸಿದರು. ಮೊದಲಿನವುಗಳಲ್ಲಿ ಚರ್ಮದ ತಿದಿ ಇತ್ತಂತೆ! ಇದರಲ್ಲಿ ಗಾಳಿಯ ಎಳೆತಕ್ಕೆ ತಕ್ಕಂತೆ ಒಳಗಿನ ಪಿಸ್ಟನ್ ಮೇಲೆ ಕೆಳಗೆ ಹೋಗಿ ಗಂಟಲನ್ನು ತಾನೇ ಸಪೂರ, ಅಗಲ ಮಾಡಿಕೊಳ್ಳುತ್ತದೆ. ಹಾಗಾಗಿ ನಮ್ಮ ಲೆಕ್ಕದ ಸಾದಾ ಗಂಟಲಿಗಿಂತ ಇದು ಹೆಚ್ಚು ಹೊಂದಿಕೊಳ್ಳುತ್ತದೆ. ಆದರೂ ಅಳತೆ ಮೀರಬಾರದು.

ಎಸ್‌ಯುವಿನ ನಂಬರಿನಲ್ಲಿ ಒಂದು ಸಣ್ಣ ಗಣಿತ ಉಂಟು. ಒಂದು ಇಂಚಿನ ಮೇಲೆ ಎಷ್ಟು ಎಂಟನೇ ಭಾಗ ಎಂಬುದೇ ಆ ನಂಬರು. ಎಚ್‌ಎಸ್ 2 ಎಂದರೆ ಒಂದೂಕಾಲು ಇಂಚು, ಎಚ್‌ಎಸ್ 4 ಎಂದರೆ ಒಂದೂವರೆ, ಎಚ್‌ಎಸ್ 6 ಎಂದರೆ ಒಂದೂಮುಕ್ಕಾಲು.

1275 ಸಿಸಿಯ ಮಿನಿ ಕೂಪರ್ ಎಸ್ ಕಾರಿಗೆ ಒಂದೂಕಾಲು ಇಂಚಿನ ಜೋಡಿ. 1798 ಸಿಸಿಯ ಎಂಜಿಬಿಗೆ ಒಂದೂವರೆ ಇಂಚಿನ ಜೋಡಿ. ಎಂಜಿನ್ 1.41 ಪಟ್ಟು ದೊಡ್ಡದಾಯಿತು, ಗಂಟಲಿನ ಕ್ಷೇತ್ರಫಲ 1.44 ಪಟ್ಟು. ಎಷ್ಟು ಹತ್ತಿರ ನೋಡಿ! ವೇಗದ ಕಾರು ಮಾಡಿದವರೂ 2 ಇಂಚಿನದಕ್ಕೆ ಆಸೆಪಡಲಿಲ್ಲ.

ಆದ್ದರಿಂದ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಇಷ್ಟು:

1. ಒಂದು ಸಿಲಿಂಡರಿನ ಗಾತ್ರ ಎಷ್ಟು? ಒಂದು ಕಾರ್ಬ್ಯುರೇಟರ್ ಎಷ್ಟು ಸಿಲಿಂಡರಿಗೆ?
2. ಎಂಜಿನ್ ನಿಜವಾಗಿ ಎಷ್ಟು ಸುತ್ತಿನವರೆಗೆ ಓಡುತ್ತದೆ? ಆಸೆಯ ಲೆಕ್ಕ ಬೇಡ.
3. ಹೆಚ್ಚಿನ ಹೊತ್ತು ಯಾವ ವೇಗದಲ್ಲಿ ಓಡುತ್ತದೆ? ರೇಸಿನಲ್ಲೋ, ಹಾಲಿನ ಕ್ಯಾನು ಹೊತ್ತು ಚಡಾವಿನಲ್ಲೋ?
4. ಕವಾಟ, ಹೊಗೆ ಕೊಳವೆ ಮೊದಲಿನವೇ ಆಗಿದ್ದರೆ ಗಂಟಲು ಮಾತ್ರ ಅಗಲ ಮಾಡಿ ಏನು ಪ್ರಯೋಜನ?
5. ಎರಡು ಅಳತೆಗಳ ನಡುವೆ ಸಂಶಯ ಬಂದರೆ ರಸ್ತೆಯ ವಾಹನಕ್ಕೆ ಸಣ್ಣದೇ ವಾಸಿ.

ಜೋಡಿ ಹಾಕಿದ ಮೇಲೆ ಎರಡೂ ಸಮನಾಗಿ ಉಸಿರಾಡಬೇಕು. ಹಳೆಯ ಮೆಕ್ಯಾನಿಕರು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು 'ಸುಂಯ್' ಶಬ್ದ ಎರಡರಲ್ಲೂ ಒಂದೇ ಆಗುವವರೆಗೆ ತಿರುಪು ತಿರುಗಿಸುತ್ತಾರೆ.

ಕೊನೆಗೆ

2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರ್ ಬಿಟ್ಟು, ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆಗೆ ಬಂದಿವೆ. ಆದರೆ ತೋಟದಲ್ಲಿ ಹುಲ್ಲು ಕೊಚ್ಚುವ ಯಂತ್ರದಲ್ಲಿ, ಹಳೆಯ ಬೈಕಿನಲ್ಲಿ ಅದು ಇನ್ನೂ ಉಂಟು. ವಾಹನದ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಕಟ್ಟುಪಾಡು ಇದೆ ಎಂಬುದೂ ನೆನಪಿರಲಿ.

ಆ ಅಣ್ಣ ಹಳೆಯ ಕಾರ್ಬ್ಯುರೇಟರನ್ನು ಬಿಸಾಡಿರಲಿಲ್ಲ, ಪುಣ್ಯ. ಶುಚಿಮಾಡಿ ಅದನ್ನೇ ಪುನಃ ಹಾಕಿಸಿದ. ಬೈಕು ಈಗ ಚಡಾವು ಏರುತ್ತದೆ.

ನಿಮಗೊಂದು ಲೆಕ್ಕ: 1275 ಸಿಸಿಯ 4 ಸಿಲಿಂಡರ್ ಎಂಜಿನ್, ನಿಮಿಷಕ್ಕೆ 6000 ಸುತ್ತು, 80 ಶೇಕಡಾ ತುಂಬುತ್ತದೆ, ಗಂಟಲು ಒಂದೂಕಾಲು ಇಂಚು. ಗಾಳಿಯ ವೇಗ ಎಷ್ಟು? ಸೆಕೆಂಡಿಗೆ ಸುಮಾರು 64 ಮೀಟರ್ ಬಂದರೆ ನಿಮ್ಮ ಲೆಕ್ಕ ಸರಿ. ಅದೇ ಗಂಟಲು 2 ಇಂಚಾದರೆ ಎಷ್ಟಾಗುತ್ತದೆ ಎಂದು ನೀವೇ ಕಂಡುಹಿಡಿದು ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ತೋರಿಸಿ. ಅವರು ಅವಸರದಲ್ಲಿ ಉತ್ತರ ಹೇಳಿದರೆ, ಲೆಕ್ಕ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ನಿಮಗುಂಟು.